ಮೂರನೆಯ ಕೂಗು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹಬ್ಬ. ಅವರು ಹೇಳಿ ಮುಗಿಸುವುದರೊಳಗೆ ಅವರ ದನಿ, ಅವರ ನಡುಕ, ನಡುನಡುವೆ ಉಗುಳು ನುಂಗುವ ರೀತಿ ಎಲ್ಲವನ್ನೂ ಕಲಿತು, ಮರುದಿನ ಅವರ ಮನೆಯವರ ಮುಂದೆಯೇ ಆಡಿ ತೋರಿಸುತ್ತಿದ್ದೆ. ನಮ್ಮ ಸೋದರಮಾವ ಹುಣಸೆಮರದಡಿ ಬಿಳಿ ಸೀರೆ ಕಂಡದ್ದನ್ನು ಎಷ್ಟು ಚೆನ್ನಾಗಿ ಆಡುತ್ತಿದ್ದೆನೆಂದರೆ, ಕೊನೆಗೆ ಅವನೇ ಆ ಕಥೆ ಹೇಳುವುದನ್ನು ಬಿಟ್ಟ. ನಾನು ಯಾವುದನ್ನೂ ನಂಬಿದವನಲ್ಲ. ಈಗ ನನ್ನ ಸರದಿ ಬಂದಿದೆ. ಇದನ್ನು ಓದಿ ನನ್ನನ್ನೇ ಆಡಿ ತೋರಿಸುವವರಿದ್ದರೆ ಧಾರಾಳವಾಗಿ ತೋರಿಸಲಿ. ಸಣಕಲು ಕಾಲು, ಅಗಲ ಕಿವಿ, ಬೀಗವಿಲ್ಲದ ಬಾಯಿ, ಇಷ್ಟಿದ್ದರೆ ನಾನಾದೆ.

ಆ ಚಳಿಗಾಲ ಹುಬ್ಬಳ್ಳಿಗೆ ಪ್ಲೇಗು ಮತ್ತೆ ಬಂದಿತ್ತು. ಇಲಿ ಸತ್ತು ಬಿದ್ದ ಓಣಿಗಳು ಖಾಲಿಯಾಗಿ, ಜನ ಊರ ಹೊರಗೆ ತಟ್ಟಿಯ ಗುಡಿಸಲು ಹಾಕಿಕೊಂಡಿದ್ದರು. ಆಗ ನನಗೆ ಸಿಕ್ಕ ನೌಕರಿ ರಾಯಾಪುರದ ದಾರಿಯಲ್ಲಿದ್ದ ಕಸದ ಭಟ್ಟಿಗಳ ಮುಕಾದಮನದು. ಬೆಂಕಿ ನೋಡಿಕೊಳ್ಳುವ ಆಳುಗಳನ್ನು ನಾನು ನೋಡಿಕೊಳ್ಳಬೇಕು, ಅಷ್ಟೇ. ನೆಂಟರು ಕೇಳಿದರೆ ‘ದಿನಾ ಹೋಮ ಮಾಡಸ್ತೇನಿ’ ಎನ್ನುತ್ತಿದ್ದೆ.

ಅಲ್ಲಿ ಕಸ ಸುಡುವ ಬಗೆ ಮೂರಿದ್ದವು. ಒಂದು ಬರೀ ಹೊಂಡ. ಎಲೆ, ಹುಲ್ಲು ಸುರುವಿ ಬೆಂಕಿ ಹಚ್ಚಿದರೆ ಉರಿಗಿಂತ ಹೊಗೆಯೇ ಹೆಚ್ಚು. ಇನ್ನೊಂದು ಹೊಸದಾಗಿ ಕಟ್ಟಿದ್ದು. ಕೆಳಗೆ ಕಬ್ಬಿಣದ ಜಾಳಿಗೆ, ಬೂದಿ ಉದುರಲು ಕಂಡಿ, ಮೇಲೆ ಎತ್ತರದ ಚಿಮಣಿ. ಟೊಪ್ಪಿಗೆ ಹಾಕಿಕೊಂಡು ನಿಂತಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಸಾಹೇಬ’ ಎಂದೇ ಹೆಸರು. ಹಸಿ ಕಸ ಕೊಟ್ಟರೆ ಮುನಿಸಿಕೊಂಡು ಆರಿಹೋಗುವುದರಲ್ಲಿಯೂ ಅದು ಸಾಹೇಬನೇ. ಮೂರನೆಯದು ಹಳೆಯ ಇಟ್ಟಿಗೆಯ ಗುಮ್ಮಟ, ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು ಬಾಯಿ. ಬೆನ್ನು ಬಾಗಿದ್ದರಿಂದ ಅದು ‘ಮುದುಕಿ’. ಮುದುಕಿ ಏನು ಕೊಟ್ಟರೂ ತಿನ್ನುತ್ತಿತ್ತು. ಪ್ಲೇಗಿನ ಮನೆಗಳ ಹಾಸಿಗೆ, ಬಟ್ಟೆ, ಚಾಪೆ ಎಲ್ಲವೂ ಅದರ ಪಾಲು. ಸಂಜೆ ತುಂಬಿಸಿ, ನಸುಕಿನಲ್ಲಿ ಬೆಂಕಿ ಇಡುವುದು ರೂಢಿ.

ಮುದುಕಿಯ ಉಸ್ತುವಾರಿ ಫಕೀರಪ್ಪನೆಂಬ ವಯಸ್ಸಾದ ಆಳಿನದು. ಅದರ ಬೂದಿ ಮರುದಿನವೂ ಬೆಚ್ಚಗಿರುತ್ತಿತ್ತು. ಚಳಿಗೆ ನಾಯಿಗಳು, ಒಮ್ಮೊಮ್ಮೆ ಭಿಕ್ಷೆಯವರು ಒಳಗೆ ಹೊಕ್ಕು ಮಲಗುತ್ತಿದ್ದರು. ಹಾಗಾಗಿ ಬೆಂಕಿ ಇಡುವ ಮೊದಲು ಅವನು ಬಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಮೂರು ಸಲ ಕೂಗುತ್ತಿದ್ದ: “ಯಾರಿದ್ದೀರಿ, ಹೊರಗ ಬರ್ರೀ...” ಆ ‘ರೀ’ ಒಳಗೆಲ್ಲ ಸುತ್ತು ಹಾಕಿಕೊಂಡು ಬರುತ್ತಿತ್ತು.

“ಕಾಕಾ, ನಾಯಿಗೂ ‘ರೀ’ ಏನು?” ಎಂದು ಕೆಣಕಿದ್ದೆ.

“ಕತ್ತಲದಾಗ ನಾಯಿ ಯಾರು, ನಾಯಕ ಯಾರು, ನನಗೇನ ಗೊತ್ತಾಗತೈತ್ರಿ ರಾಯರ?”

“ಮತ್ತ ಮೂರ ಸಲ ಯಾಕ? ಒಂದ ಸಾಲಂಗಿಲ್ಲೇನು?”

“ದೆವ್ವ ಎರಡರ ಮ್ಯಾಲ ಕರೆಯಂಗಿಲ್ರಿ. ಅದಕ್ಕ ನಮ್ಮ ಮಂದಿ ಓ ಅನ್ನೂದು ಮೂರನೇ ಕೂಗಿಗೆ. ಎರಡಕ್ಕ ಬಿಟ್ರ ಒಳಗಿದ್ದವರು ಎಚ್ಚರಿದ್ರೂ ಸುಮ್ಮನ ಇರತಾರ.”

ಮಾತು ಖರೇ. ನಮ್ಮ ಅತ್ತೆಯೂ ಕತ್ತಲಾದ ಮೇಲೆ ಬಾಗಿಲಲ್ಲಿ ಯಾರು ಕರೆದರೂ ಮೂರನೆಯ ಕೂಗಿನವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ನಾನು ಆ ಕೂಗನ್ನೂ ಕಲಿತೆ. ಗೆಳೆಯರ ಬೈಠಕ್ಕಿನಲ್ಲಿ ಅದಕ್ಕೆ ಬಲು ಬೇಡಿಕೆ. ಫಕೀರಪ್ಪನೇ ಒಮ್ಮೆ ಕೇಳಿ, “ನಾ ಸತ್ರೂ ಮುದುಕಿಗೆ ತಿಳಿಯಂಗಿಲ್ಲ ಬಿಡ್ರಿ” ಎಂದು ನಕ್ಕಿದ್ದ.

ಒಂದು ಮಧ್ಯಾಹ್ನ ಭಟ್ಟಿಗೆ ಕಸ ತರುವ ಹುಸೇನಸಾಬನ ಗಾಡಿ ಹಾಸಿಗೆಗಳನ್ನು ಹೇರಿಕೊಂಡು ಬಂತು. ಅದರ ಹಿಂದೆಯೇ ಒಬ್ಬ ಹೆಂಗಸು ಬರಿಗಾಲಲ್ಲಿ ನಡೆದು ಬಂದಿದ್ದಳು. ಹೆಸರು ಗಂಗವ್ವ. ಇದ್ದ ಒಬ್ಬಳೇ ಮಗಳು ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಮಗಳು ಕೊನೆಯಲ್ಲಿ ಹೊದ್ದಿದ್ದ ಕೌದಿ ಆ ಗಾಡಿಯಲ್ಲಿತ್ತು. ತಾಯಿಯ ಹಳೆಯ ಸೀರೆಗಳನ್ನೇ ಕೂಡಿಸಿ ಹೊಲಿದದ್ದು.

“ಕೊಡಾಕ ಬರಂಗಿಲ್ಲವ್ವ, ಅದರಾಗ ಬ್ಯಾನಿ ಐತಿ,” ಎಂದ ಹುಸೇನಸಾಬ.

“ಹಂಗಾರ ನನ್ನೂ ಅದರ ಜೋಡಿ ಹಾಕಿಬಿಡ್ರಿ ಯಪ್ಪಾ,” ಎಂದಳು. ಕೂಗಾಡಲಿಲ್ಲ. ಸಂತೆಯಲ್ಲಿ ಮಾತಾಡುವಂತೆ ಹೇಳಿದಳು. ಸಂಜೆಯವರೆಗೆ ಎದುರಿನ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದಳು. ಕತ್ತಲಾಗುವಾಗ ನೋಡಿದರೆ ಅಲ್ಲಿರಲಿಲ್ಲ. ಗುಡಿಸಲಿಗೆ ಹೋದಳೆಂದುಕೊಂಡೆವು.

ಮರುದಿನ ನಸುಕಿಗೆ ನಾನು ಬಂದಾಗ ಫಕೀರಪ್ಪ ಕಂಬಳಿ ಹೊದ್ದು ಕಲ್ಲಿನ ಮೇಲೆ ಕುಳಿತಿದ್ದ. ಜ್ವರ ಹತ್ತಿ ಗಂಟಲು ಪೂರ್ತಿ ಕಟ್ಟಿತ್ತು. ಕೈಸನ್ನೆ ಮಾಡಿ ಕರೆದು ಪಿಸುಗುಟ್ಟಿದ: “ನೀವ ಕೂಗ್ರಿ. ನನ್ನ ದನೀಲೆ ಕೂಗ್ರಿ.”

ನನಗೆ ಖುಷಿಯೇ ಆಯಿತು. ಕುಕ್ಕರಗಾಲಿನಲ್ಲಿ ಕುಳಿತೆ, ಅವನಂತೆಯೇ ಮೊದಲು ಕೆಮ್ಮಿದೆ, ಕೂಗಿದೆ. ಒಳಗಿನ ನಾತ ಮೂಗಿಗೆ ಬಡಿಯಿತು. ಎರಡನೆಯ ಸಲ ಕೂಗಿ, ಓಕರಿಕೆ ತಡೆಯಲಾರದೆ ಚಂಚಿಯಿಂದ ಎಲೆ ಅಡಿಕೆ ತೆಗೆದು ಬಾಯಿ ತುಂಬ ಹಾಕಿಕೊಂಡೆ. ಅಗಿದು, ನಾತ ಸ್ವಲ್ಪ ಹಿಂದಾದ ಮೇಲೆ ಮೂರನೆಯದನ್ನು ಕೂಗುವ ವಿಚಾರ. ಅಷ್ಟರಲ್ಲಿ ಹುಸೇನಸಾಬ ಉರಿಯುವ ಕೊಳ್ಳಿ ಹಿಡಿದು ಬಂದ.

“ಮೂರಾತಲ್ರಿ, ಸರೀರಿ,” ಎಂದ. ಗುಮ್ಮಟದಿಂದ ತಿರುಗಿ ಬಂದ ದನಿಯನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ. ನನಗೆ ಬಾಯಿ ತುಂಬ ರಸ. ಮಾತಾಡಲಾಗದೆ ಕೈ ಅಡ್ಡ ಮಾಡಿದೆ.

ಆಗ ಒಳಗಿನಿಂದ ಕೂಗು ಬಂತು. “ಯಾರಿದ್ದೀರಿ, ಹೊರಗ ಬರ್ರೀ...”

ಫಕೀರಪ್ಪನ ದನಿ. ನಾನು ಕಲಿತದ್ದಲ್ಲ, ಅಸಲು. ಇನ್ನೊಬ್ಬರ ದನಿ ಕದಿಯುವವನಿಗೆ ನಕಲಿ ಯಾವುದು, ಅಸಲು ಯಾವುದು ಎಂಬುದು ಅಕ್ಕಸಾಲಿಗೆ ಬಂಗಾರ ತಿಳಿದಂತೆ ತಿಳಿಯುತ್ತದೆ. ನಾನು ಫಕೀರಪ್ಪನ ಕಡೆ ತಿರುಗಿದೆ. ಅವನು ಎರಡೂ ಕೈಯಿಂದ ತನ್ನ ಗಂಟಲು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

“ಅಂದ್ನಲ್ರಿ, ಮೂರಾಗಿತ್ತು. ಈಗ ನಾಕಾತು,” ಎಂದ ಹುಸೇನಸಾಬ.

ಅವನ ಮಾತು ಮುಗಿಯುವಷ್ಟರಲ್ಲಿ ಹಾಸಿಗೆಗಳ ರಾಶಿ ಅಲುಗಿತು. ಮೈಯೆಲ್ಲ ಬೂದಿಯಾದ ಗಂಗವ್ವ ಕೌದಿ ಹೊದ್ದುಕೊಂಡೇ ತೆವಳಿ ಹೊರಗೆ ಬಂದಳು. ಹುಸೇನಸಾಬನ ಕೈಯಿಂದ ಕೊಳ್ಳಿ ನೆಲಕ್ಕೆ ಬಿತ್ತು. ನಾನು ಬಾಯಲ್ಲಿದ್ದುದನ್ನು ಉಗುಳಿದ್ದು ಆಗಲೇ.

“ಒಂದನೇದು ಕೇಳಿತ್ತು, ಎರಡನೇದೂ ಕೇಳಿತ್ತು,” ಎಂದಳು. “ಬಾಯಾಗ ಸೆರಗ ತುರುಕಿಕೊಂಡು ಸುಮ್ಮನ ಇದ್ದೆ. ಮೂರನೇದು ಕಿವಿ ಹತ್ರನ ಬಂದು ಕರದ್ರ ಹ್ಯಾಂಗ ಮಲಗಿರ್ಲಿ? ಯಾಕ ಕರದ್ರಿ ನನ್ನ?”

 ಅವಳು ಹಿಂದೆ ತಿರುಗಿ ಭಟ್ಟಿಯ ಬಾಯಿಯನ್ನು ನೋಡಿದಳು.

“ಕರದವರು ಒಳಗ ಅದಾರ. ಅವರೂ ಬರ್ಲಿ. ಆಮ್ಯಾಲ ಹಚ್ರಿ.”

ಹುಸೇನಸಾಬ ಕಂದೀಲು ಹಿಡಿದು ಒಳಗೆ ಹೋಗಿ ಪ್ರತಿಯೊಂದು ಹಾಸಿಗೆಯನ್ನೂ ಎತ್ತಿ ಬಡಿದು ನೋಡಿದ. ಯಾರೂ ಇರಲಿಲ್ಲ. ಗಂಗವ್ವ ಒಪ್ಪಲಿಲ್ಲ. “ಒಮ್ಮೆ ಕರದು ನೋಡ್ರಲಾ,” ಎಂದಳು ನನಗೆ. ಬಾಯಿ ತೆರೆದೆ. ದನಿ ಹೊರಡಲಿಲ್ಲ. ಕೊನೆಗೆ ಫಕೀರಪ್ಪನೇ ಕೈಯೆತ್ತಿ ಬೆಂಕಿ ಇಡಲು ಸನ್ನೆ ಮಾಡಿದ. ಗಂಗವ್ವ ಕೌದಿಯನ್ನು ತಾನೇ ಮಡಚಿ, ಕೂಸನ್ನು ಕೊಡುವಂತೆ ಎರಡೂ ಕೈಯಲ್ಲಿ ಹಿಡಿದು ಹುಸೇನಸಾಬನಿಗೆ ಕೊಟ್ಟಳು. ಮುದುಕಿ ಹೊತ್ತಿಕೊಂಡಿತು. ಅಂದು ಉರಿಯ ಸದ್ದಿನಲ್ಲಿ ಬೇರೇನಾದರೂ ಕೇಳಿತೇ ಎಂದು ನನ್ನನ್ನು ಕೇಳಬೇಡಿ. ನಾನು ಕಿವಿ ಮುಚ್ಚಿಕೊಂಡಿದ್ದೆ.

ಮಧ್ಯಾಹ್ನ ಸುಳ್ಳ ಎಂಬ ಹಳ್ಳಿಯಿಂದ ಅವಳ ತಮ್ಮ ಬಂದು ಅವಳನ್ನು ಕರೆದೊಯ್ದ. ಮುಂದೇನಾಯಿತೋ ತಿಳಿಯದು.

ಊರಿಗೆಲ್ಲ ಗೊತ್ತಾದದ್ದು ಇಷ್ಟು: ಮುಕಾದಮ ದನಿ ಅಣಕಿಸಿ ಒಂದು ಜೀವ ಉಳಿಸಿದ. ನಾನಲ್ಲ ಎಂದು ಎಷ್ಟು ಹೇಳಿದರೂ “ಇವನ ಚಾಷ್ಟಿ ಮುಗಿಯಂಗಿಲ್ಲ” ಎಂದು ನಕ್ಕರು. ನಂಬಿದವನು ಫಕೀರಪ್ಪನೊಬ್ಬನೇ. ಜ್ವರದಲ್ಲಿ ಮಲಗಿದ್ದವನ ಮುಂದೆ ದೇವರ ಆಣೆ ಮಾಡಿ ಹೇಳಿದೆ. ಗಂಟಲು ಮುಟ್ಟಿಕೊಂಡು ಪಿಸುಗುಟ್ಟಿದ: “ಹಂಗಾರ ಇದು ಎಲ್ಲಿ ಹೋಗೇತಿ ಅನ್ನೂದು ತಿಳೀತ ಬಿಡ್ರಿ.” ಆ ದನಿ ತಿರುಗಿ ಬರಲಿಲ್ಲ. ಆ ಜ್ವರದಲ್ಲಿಯೇ ಅವನು ಹೋದ.

ಧಾರವಾಡದ ನನ್ನ ಗೆಳೆಯನೊಬ್ಬ, ಕಾಲೇಜು ಓದಿದವನು, ಗುಮ್ಮಟದೊಳಗೆ ದನಿ ಸುತ್ತುವ ರೀತಿಯನ್ನು ಚಿತ್ರ ಬರೆದು ತಿಳಿಸಿದ. ಚಿತ್ರ ಛಲೋ ಇತ್ತು. ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತು ನನ್ನ ದನಿ ಅಲ್ಲಿ ಏನು ಮಾಡುತ್ತಿತ್ತು ಎಂದು ಕೇಳಿದರೆ, ಅವನು ಚಿತ್ರವನ್ನು ಮಡಚಿ ಕಿಸೆಗೆ ಹಾಕಿಕೊಂಡ.

ಈಗಲೂ ಬೈಠಕ್ಕಿನಲ್ಲಿ ಗೆಳೆಯರು ಫಕೀರಪ್ಪನ ಕೂಗು ಬೇಕೆಂದು ಹಟ ಹಿಡಿಯುತ್ತಾರೆ. ಕೂಗುತ್ತೇನೆ. ಒಂದನೆಯದು ಬರುತ್ತದೆ, ಎರಡನೆಯದು ಬರುತ್ತದೆ. ಮೂರನೆಯದಕ್ಕೆ ಬಾಯಿ ತೆರೆದರೆ ಬರೀ ಉಸಿರು. ಬೇಕೆಂದೇ ನಿಲ್ಲಿಸಿದೆನೆಂದು ತಿಳಿದು ಅವರು ಚಪ್ಪಾಳೆ ತಟ್ಟುತ್ತಾರೆ. ಆ ಸದ್ದು ಅಡಗುವವರೆಗೆ ನಾನು ಅಲುಗಾಡುವುದಿಲ್ಲ. ಎರಡಾಗಿವೆ. ಮೂರನೆಯದು ಎತ್ತಲಿಂದ ಬರುವುದೋ ಎಂದು ಕಿವಿಗೊಟ್ಟು ಕುಳಿತಿರುತ್ತೇನೆ.