ಹಾರ್ನಿನ ಬಾಯಿಗೆ ತುರುಕಿದ ಕಾಲ್ಚೀಲ

ಹಾರ್ನಿನ ಬಾಯಿಯಲ್ಲಿ ಒಂದು ಕಾಲ್ಚೀಲವಿತ್ತು. ಶಾಲೆಯ ಮಕ್ಕಳು ಹಾಕುವ ನೀಲಿ ಕಾಲ್ಚೀಲ, ಹಿಮ್ಮಡಿಯ ಕಡೆ ಸವೆದದ್ದು. ಅದನ್ನು ಉರುಟಾಗಿ ಸುತ್ತಿ ಬೆರಳಿನಿಂದ ಒತ್ತಿ ಕೂರಿಸಿದ್ದರು.

ಹಾರ್ನ್ ಹಮೀದಾಕನದ್ದು. ಹಮೀದಾಕ ನಮ್ಮ ಓಣಿಗೆ ಮೀನು ತರುವವರು. ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ, ಮುಂದೆ ಹ್ಯಾಂಡಲ್ಲಿಗೆ ಕಟ್ಟಿದ ರಬ್ಬರ್ ಉಂಡೆಯ ಹಳೇ ಹಾರ್ನ್. ಉಂಡೆಯನ್ನು ಹಿಂಡಿದರೆ ಪೋಂ ಎನ್ನುತ್ತದೆ. (ಎನ್ನುತ್ತಿತ್ತು.) ಓಣಿಯ ತಿರುವಿನಲ್ಲಿ ನಿಂತು ಅವರು ಎರಡು ಸಲ ಹಿಂಡಿದರೆ ಸಾಕು, ಪಾತ್ರೆ ಹಿಡಿದವರು, ಅವರ ಹಿಂದೆ ಬೆಕ್ಕುಗಳು, ಎಲ್ಲ ಹೊರಗೆ ಬರುತ್ತಿದ್ದರು.

ಕಳೆದ ಶನಿವಾರ ನಾನು ಪಾಠ ಮಾಡುವ ಕಾಲೇಜಿಗೆ ರಜೆ. ಅದೇ ತಿರುವಿನಲ್ಲಿ ಹಮೀದಾಕ ಸಿಕ್ಕಿದರು. ಸುತ್ತ ಯಾರೂ ಇರಲಿಲ್ಲ. ಅವರು ಮೊಬೈಲ್ ನೋಡುತ್ತಾ ನಿಂತಿದ್ದರು.

"ಇದೆಂತ ಹಮೀದಾಕ, ಹಾರ್ನಿಗೆ ಸಾಕ್ಸ್?"

"ಸೌಂಡ್ ಕಂಟ್ರೋಲ್ ಕಾನೂನು ಬಂತಲ್ವಾ ಟೀಚರೇ. ಮೊನ್ನೆ ಮಾರ್ಕೆಟ್ ಹತ್ರ ಪಂಚಾಯತಿನವರು ಹಿಡಿದ್ರು. ಇನ್ನೊಮ್ಮೆ ಕೇಳಿದ್ರೆ ಹಾರ್ನ್ ಬಿಚ್ಚಿ ಕೊಂಡುಹೋಗ್ತೇವೆ ಅಂದ್ರು. ನನ್ನ ಕೈ ಸುಮ್ಮನೆ ಕೂತ್ಕೊಳ್ಳುದಿಲ್ಲ, ಅಭ್ಯಾಸದಲ್ಲಿ ಒತ್ತಿಬಿಡ್ತದೆ. ಅದಕ್ಕೆ ಮೊಮ್ಮಗನ ಸಾಕ್ಸ್. ಈಗ ಎಲ್ಲ ವಾಟ್ಸಾಪಿನಲ್ಲಿ. ಮೀನಿನ ಫೋಟೋ ಹಾಕ್ತೇನೆ, ಬೇಕಾದವರು ಮೆಸೇಜ್ ಮಾಡ್ತಾರೆ."

ನಂತರ ಕೇಳಿದರು, "ಡ್ರೈವರಣ್ಣ ಹೇಗಿದ್ದಾರೆ? ಕಾಣುದೇ ಇಲ್ಲ. ಹುಷಾರಿಲ್ವಾ?"

ಡ್ರೈವರಣ್ಣ ಎಂದರೆ ನನ್ನ ಅಪ್ಪ. ಹುಷಾರಿದ್ದಾರೆ ಎಂದೆ. ಯಾವ ಕಾನೂನು, ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ಕಾನೂನು ಬೇಕು ಎಂದು ಅರ್ಜಿ ಕೊಟ್ಟವಳೇ ನಾನು.

ನನ್ನ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬಂಟ್ವಾಳ, ಮಡಂತ್ಯಾರು, ಬೆಳ್ತಂಗಡಿ, ಈಚೆ ಮೂಡುಬಿದಿರೆ, ನೀವು ಇವುಗಳ ನಡುವಿನ ಯಾವ ಪೇಟೆ ಎಂದುಕೊಂಡರೂ ದೊಡ್ಡ ತಪ್ಪಾಗುವುದಿಲ್ಲ. ಮಧ್ಯದಲ್ಲೊಂದು ರಸ್ತೆ, ರಸ್ತೆಗೆ ಅಂಟಿಕೊಂಡು ಬಸ್‌ಸ್ಟ್ಯಾಂಡ್, ಅದರ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮನೆಯಲ್ಲಿ ಅಪ್ಪ ಮತ್ತು ನಾನು, ಇಬ್ಬರೇ. ಎದ್ದಾಗಿನಿಂದ ಬಸ್ಸುಗಳ ಹಾರ್ನ್. ಅದರ ಮೇಲೆ ಕಂಡಕ್ಟರುಗಳ ಕೂಗು. ಅದರ ಮೇಲೆ ಮೈಕ್ ಕಟ್ಟಿದ ಆಟೋ: ಇವತ್ತು ಯಕ್ಷಗಾನ, ನಾಳೆ ಚಪ್ಪಲಿ ಅಂಗಡಿಯ ಉದ್ಘಾಟನೆ, ನಾಡಿದ್ದು ಕ್ರಿಕೆಟ್ ಟೂರ್ನಮೆಂಟ್.

ಅಪ್ಪ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಬೆಳ್ತಂಗಡಿ ರೂಟು. ಆ ಕಾಲದ ಬಸ್ಸಿನಲ್ಲಿ ಎಂಜಿನ್ ಡ್ರೈವರನ ಎಡಗಡೆಯೇ ಇರುತ್ತಿತ್ತು. ಅವರ ಎಡಕಿವಿ ಮೊದಲು ಹೋಯಿತು, ಬಲಕಿವಿ ಸ್ವಲ್ಪ ತಡವಾಗಿ. ಪರೀಕ್ಷೆ ಮಾಡಿದ ಡಾಕ್ಟರು ನನಗೆ ವಿವರಿಸಿದ್ದು ಹೀಗೆ: "ದಪ್ಪ ಸ್ವರ ಸ್ವಲ್ಪ ಕೇಳ್ತದೆ. ಸಪೂರ ಸ್ವರ ಕೇಳುದಿಲ್ಲ."

ನನ್ನದು ಸಪೂರ ಸ್ವರ.

ಕಿವಿಗೆ ಮೆಷಿನ್ ತೆಗೆಸಿಕೊಟ್ಟೆ. ಮೊದಲ ಸಲ ಹಾಕಿದ ದಿನ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, "ನೀನು ಒಗ್ಗರಣೆ ಹಾಕುದು ಕೇಳಿತು" ಎಂದರು. ಎಷ್ಟೋ ಕಾಲದ ಮೇಲೆ ಆ ದಿನ ನಾವು ಮಾಮೂಲಿ ಸ್ವರದಲ್ಲಿ ಮಾತಾಡಿದೆವು. ಕಾಲೇಜಿನಲ್ಲಿ ಏನಾಯಿತು, ಯಾರು ಏನೆಂದರು, ಎಲ್ಲ ಹೇಳಿದೆ. ಅವರು ನಕ್ಕರು. ನಗಬೇಕಾದ ಜಾಗದಲ್ಲೇ ನಕ್ಕರು. ಅದು ಎಷ್ಟು ದೊಡ್ಡ ವಿಷಯ ಎಂದು ಕಿವಿ ಕೇಳದವರ ಜೊತೆ ಇದ್ದವರಿಗೆ ಗೊತ್ತು.

ಆದರೆ ಮೆಷಿನಿಗೆ ಮಗಳ ಮಾತು ಯಾವುದು, ಮೈಕಿನ ಆಟೋ ಯಾವುದು ಎಂದು ತಿಳಿಯುವುದಿಲ್ಲ. ಅದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಆಟೋ ಕಿಟಕಿಯ ಕೆಳಗೆ ನಿಂತಾಗಲೆಲ್ಲ ಅಪ್ಪ ಪೆಟ್ಟು ಬಿದ್ದವರಂತೆ ತಲೆ ಬಗ್ಗಿಸುತ್ತಿದ್ದರು. ಕೊನೆಗೆ ಒಂದು ದಿನ ಮೆಷಿನ್ ತೆಗೆದು ತಮ್ಮ ಎಲೆಯಡಿಕೆಯ ಡಬ್ಬದಲ್ಲಿಟ್ಟು ಮುಚ್ಚಳ ಹಾಕಿದರು. "ಇದು ಕಾಡಿನಲ್ಲಿ ಇರುವವರಿಗೆ ಆಗಬಹುದು ಮಗಾ."

ಆಮೇಲೆ ಮತ್ತೆ ಕಿರುಚಾಟ. ನನಗೆ ಮನೆಯ ಮಾತು ಮನೆಯಲ್ಲೇ ಇರಬೇಕು. ಕಿವಿ ಕೇಳದ ಅಪ್ಪನಿಗೆ ಹೇಳುವ ಮಾತು ಓಣಿಗೆಲ್ಲ ಕೇಳುತ್ತದೆ. ನನ್ನನ್ನು ನೋಡಲು ಬಂದವರು ಬೇಡ ಎಂದದ್ದನ್ನು ನಾನು ಅಪ್ಪನಿಗೆ ಹೇಳಿದ ಸಂಜೆಯೇ ಪಕ್ಕದ ಮನೆಯ ಶಾರದಕ್ಕ ಬೇಲಿಯಾಚೆಯಿಂದ, "ಹೋಗಲಿ ಬಿಡು ಮಾರಾಯ್ತಿ, ಇನ್ನೊಬ್ಬ ಸಿಗ್ತಾನೆ" ಎಂದು ಸಮಾಧಾನ ಹೇಳಿದರು. ನಾನು ಮನೆಯಲ್ಲಿ ಮಾತು ಕಡಿಮೆ ಮಾಡಿದೆ. ಅನ್ನ ಆಯಿತು, ಮಾತ್ರೆ ತೆಗೊಳ್ಳಿ, ಹೋಗಿ ಬರ್ತೇನೆ. ಅಷ್ಟಕ್ಕೆ ಕೈಸನ್ನೆಯೇ ಸಾಕಲ್ಲ?

ಹೀಗೆ ನಾನು ಅರ್ಜಿ ಹಿಡಿದು ಪಂಚಾಯತ್ ಆಫೀಸಿಗೆ ಹೋದದ್ದು. ಊರು ಸ್ವಲ್ಪ ಸುಮ್ಮನಾದರೆ ಅಪ್ಪ ಮೆಷಿನ್ ಹಾಕುತ್ತಾರೆ. ಅಪ್ಪ ಮೆಷಿನ್ ಹಾಕಿದರೆ ನಾವು ಮಾತಾಡಬಹುದು. ಇಷ್ಟೇ ನನ್ನ ಲೆಕ್ಕ.

ಶಬ್ದದ ಬಗ್ಗೆ ದೇಶಕ್ಕೇ ಒಂದು ನಿಯಮ ಉಂಟಲ್ಲ ಎಂದು ಕೇಳಿದೆ. "ಉಂಟು ಮೇಡಂ" ಎಂದರು ಅಲ್ಲಿಯ ಅಧಿಕಾರಿ. ಬಹಳ ಸೌಮ್ಯ ಮನುಷ್ಯ. "ಆದರೆ ಅಳೆಯಬೇಕಲ್ಲ?" ನಾನು ಮೊಬೈಲಿನ ಆ್ಯಪ್ ತೋರಿಸಿದೆ. ಆ್ಯಪ್ ನಡೆಯುವುದಿಲ್ಲವಂತೆ, ಸರ್ಕಾರದ ಮೀಟರ್ ಬೇಕಂತೆ.

"ನಿಮ್ಮ ಮೀಟರ್ ಎಲ್ಲುಂಟು?"

"ಅದು ಇಲ್ಲ."

ಅವರೇ ದಾರಿ ಹೇಳಿದರು. ಊರಿಗೆ ನಮ್ಮದೇ ಒಂದು ಬೈಲಾ ಮಾಡುವ, ಎಲ್ಲಿ ಏನು ಬೇಡ ಎಂದು ಅದರಲ್ಲಿ ಹಾಕುವ, ಆಗ ಅಳೆಯುವ ಕೆಲಸವೇ ಇರುವುದಿಲ್ಲ. ನಾನು ಸಂತೋಷದಿಂದ ಮನೆಗೆ ಬಂದೆ. (ಓದಿದವರು ಬೈಲಾ ಎಂಬ ಶಬ್ದಕ್ಕೆ ಎಷ್ಟು ಬೇಗ ಸಂತೋಷಪಡುತ್ತೇವೆ.)

ಕರಡು ತಯಾರಾಯಿತು. ಸಾರ್ವಜನಿಕರು ಸಭೆಗೆ ಬಂದು ಅಭಿಪ್ರಾಯ ಹೇಳಬೇಕೆಂದು ಪ್ರಚಾರವೂ ಆಯಿತು. ಹೇಗೆ? ಮೈಕ್ ಕಟ್ಟಿದ ಆಟೋದಲ್ಲಿ. "ಶಬ್ದ ಮಾಲಿನ್ಯ ತಡೆಗಟ್ಟುವ ಸಲುವಾಗಿ" ಎಂದು ಅದು ನಮ್ಮ ಕಿಟಕಿಯ ಕೆಳಗೆ ನಿಂತು ಕೂಗಿತು. ನಾನು ನಕ್ಕೆ. ಮೆಷಿನ್ ಇಲ್ಲದಿದ್ದರೂ ಅಪ್ಪ ತಲೆ ಬಗ್ಗಿಸಿದ್ದನ್ನು ನೋಡಿದ ಮೇಲೆ ನಿಲ್ಲಿಸಿದೆ.

ಸಭೆ ಕೆಲಸದ ದಿನ, ಬೆಳಗಿನ ಹೊತ್ತು. ನಾನು ರಜೆ ಹಾಕಿ ಹೋದೆ. ಸಣ್ಣ ಹಾಲ್. ಸುಮ್ಮನೆ ಮಾತಾಡಿದರೂ ಕೊನೆಯ ಕುರ್ಚಿಯವರೆಗೆ ಕೇಳುತ್ತದೆ. ಆದರೂ ಮೈಕ್ ಇತ್ತು. ಅದರ ಪಕ್ಕದಲ್ಲಿ ಕುಳಿತವರು ಊರಿನ ಸೌಂಡ್ಸಿನ ಮಾಲಕರು. ಶಾಮಿಯಾನ, ಕುರ್ಚಿ, ಸ್ಪೀಕರ್ ಎಲ್ಲ ಬಾಡಿಗೆಗೆ ಕೊಡುವವರು.

ಒಂದು ವಿಚಿತ್ರ ಹೇಳಬೇಕು. ಆ ಸಭೆಯಲ್ಲಿ ಕಾನೂನಿಗೆ ವಿರೋಧ ಮಾಡಿದವರು ಒಬ್ಬರೂ ಇಲ್ಲ. ಎಲ್ಲರಿಗೂ ಗಲಾಟೆ ಸಾಕಾಗಿತ್ತು. ಎಲ್ಲರಿಗೂ ಕಾನೂನು ಬೇಕಿತ್ತು.

"ಖಂಡಿತ ಬೇಕು" ಎಂದರು ಬಸ್ಸಿನವರ ಪರವಾಗಿ ಬಂದವರು. "ಆದ್ರೆ ಬಸ್ಸಿಗೆ ಹಾರ್ನ್ ಇಲ್ಲದೆ ಆಗ್ತದಾ ಮಾರಾಯ್ರೆ? ಟೈಮಿಂಗ್ ಉಂಟು ನಮಗೆ. ಹಿಂದಿನ ಬಸ್ಸು ಬಂದು ಕುಂಡೆಗೆ ಗುದ್ದುವಾಗ ನಾವು ಬೈಲಾ ಓದ್ಲಿಕ್ಕೆ ಆಗ್ತದಾ?"

ಎಲ್ಲರೂ ನಕ್ಕರು. ಬಸ್ಸಿಗೆ ವಿನಾಯಿತಿ.

"ದೇವರ ಕೆಲಸಕ್ಕೆ ತೊಂದರೆ ಆಗ್ಬಾರ್ದು" ಎಂದು ಒಬ್ಬರು ಎದ್ದರು. ಬೇರೆ ಬೇರೆ ದೇವರ ಪರವಾಗಿ ಇನ್ನೂ ಕೆಲವರು ಎದ್ದರು. ನಮ್ಮ ಊರಿನಲ್ಲಿ ಇವರೆಲ್ಲ ಒಂದೇ ವಿಷಯಕ್ಕೆ ಒಟ್ಟಿಗೆ ತಲೆಯಾಡಿಸಿದ್ದನ್ನು ನಾನು ಅಂದೇ ನೋಡಿದ್ದು. ದೇವರುಗಳಿಗೆ ವಿನಾಯಿತಿ. ಕ್ರಿಕೆಟ್ ಕಮೆಂಟರಿಗೆ ವಿನಾಯಿತಿ, ಏಕೆಂದರೆ ಯುವಕರಿಗೆ ಪ್ರೋತ್ಸಾಹ ಬೇಕು. ಯಕ್ಷಗಾನ ನಮ್ಮ ಸಂಸ್ಕೃತಿ. ಮದುವೆ ಮನುಷ್ಯನಿಗೆ ಒಮ್ಮೆಯೇ ಬರುವುದು. ಮೈಕಿನ ಆಟೋ ಇಲ್ಲದಿದ್ದರೆ ಕಚೇರಿಯ ಸೂಚನೆಗಳೇ ಜನರಿಗೆ ತಲುಪುವುದಿಲ್ಲ, ಅದಕ್ಕೂ ವಿನಾಯಿತಿ.

ನಾನು ಎದ್ದೆ. ಕೈಗೆ ಮೈಕ್ ಕೊಟ್ಟರು. ಬೇಡ ಎಂದೆ. "ಇಲ್ಲ, ರೆಕಾರ್ಡ್ ಆಗ್ಬೇಕು" ಎಂದರು. ನಾನು ಬಾಯಿ ತೆರೆದ ಕೂಡಲೇ ಮೈಕ್ ಕೀಂ ಎಂದು ಕಿರುಚಿತು. ಸೌಂಡ್ಸಿನ ಮಾಲಕರು ಬಂದು ಏನೋ ತಿರುಗಿಸಿದರು. ಮತ್ತೆ ಕೀಂ. ಮನೆಯಲ್ಲಿ ಕಿವಿ ಮಂದವಾದವರು ಇದ್ದಾರೆ ಎಂದೆ. ಇಂಥ ಮನೆ ಊರಿನಲ್ಲಿ ನಮ್ಮದೊಂದೇ ಅಲ್ಲ ಎಂದೆ. ದಿನದಲ್ಲಿ ಸ್ವಲ್ಪ ಹೊತ್ತಾದರೂ ಊರು ಸುಮ್ಮನಿರಬೇಕು ಎಂದೆ. ಎಷ್ಟು ಕೇಳಿತೋ ಗೊತ್ತಿಲ್ಲ. ಚಪ್ಪಾಳೆ ಹೊಡೆದರು.

ಹೊರಗೆ ಬರುವಾಗ ಸೌಂಡ್ಸಿನ ಮಾಲಕರು ಪ್ರೀತಿಯಿಂದಲೇ ಹೇಳಿದರು, "ನಿಮ್ಮ ಮದುವೆಗೆ ಸೌಂಡ್ಸ್ ನನ್ನದೇ ಟೀಚರೇ. ವಾಲ್ಯೂಮ್ ಕಮ್ಮಿ ಇಡ್ತೇನೆ, ಹೆದರ್ಬೇಡಿ."

ಬೈಲಾ ಪಾಸಾಯಿತು. ಎಲ್ಲ ವಿನಾಯಿತಿ ಕಳೆದು ಅದರಲ್ಲಿ ಏನು ಉಳಿಯಿತು? ಒಂದೇ ಸಾಲು. ಬೀದಿ ವ್ಯಾಪಾರಿಗಳು ಜನವಸತಿ ಇರುವಲ್ಲಿ ಹಾರ್ನ್ ಬಾರಿಸುವಂತಿಲ್ಲ, ಕೂಗುವಂತಿಲ್ಲ. ಅದಕ್ಕೆ ಮಾತ್ರ ಯಾರೂ ಎದ್ದು ನಿಂತಿರಲಿಲ್ಲ. ನಿಲ್ಲಬೇಕಾದವರು ಆ ಹೊತ್ತಿಗೆ ಮೀನು ಮಾರುತ್ತಿದ್ದರು.

ಕಾನೂನು ಮಾಡಿದ ಮೇಲೆ ಯಾರಿಗಾದರೂ ಅನ್ವಯ ಆಗಬೇಕಲ್ಲ? ಹಮೀದಾಕನಿಗೆ ಆಯಿತು.

ಆ ಶನಿವಾರ ಹಮೀದಾಕನಿಂದ ಬಂಗುಡೆ ಮೀನು ತೆಗೆದುಕೊಂಡು ಮನೆಗೆ ಬಂದಾಗ ಅಪ್ಪ ಒಳಗೆ ಮಂಚದಲ್ಲಿ ಕುಳಿತಿದ್ದರು. ಆ ಹೊತ್ತಿಗೆ ಅವರು ಒಳಗಿರುವವರಲ್ಲ. ಮೀನಿನ ಪಾತ್ರೆ ಹಿಡಿದು ಜಗಲಿಯಲ್ಲಿ ಕೂರುವವರು. ಜಗಲಿಯಿಂದ ತಿರುವು ಕಾಣುವುದಿಲ್ಲ. ಪೋಂ ಎಂದರೆ ಏಳುತ್ತಾರೆ, ಹೋಗುತ್ತಾರೆ, ಹಮೀದಾಕನ ಜೊತೆ ಜಗಳದಂತೆ ಕೇಳುವ ಮಾತುಕತೆ ಮುಗಿಸಿ ಬರುತ್ತಾರೆ. ಹಮೀದಾಕನದ್ದು ದಪ್ಪ ಸ್ವರ. ಇಡೀ ದಿನದಲ್ಲಿ ಅಪ್ಪ ಪೂರ್ತಿಯಾಗಿ ಕೇಳಿಸಿಕೊಳ್ಳುವ ಮಾತು ಅದೊಂದೇ. ಕಾಲೇಜಿನ ದಿನಗಳಲ್ಲಿ ಆ ಹೊತ್ತಿಗೆ ನಾನು ಮೂಡುಬಿದಿರೆಯ ಬಸ್ಸಿನಲ್ಲಿರುತ್ತೇನೆ. ಹಾರ್ನ್ ನಿಂತದ್ದು ನನಗೆ ತಿಳಿದಿರಲೇ ಇಲ್ಲ.

ಪಾತ್ರೆ ಬಚ್ಚಲಿನಲ್ಲಿ ಬೋರಲಾಗಿ ಒಣಗಿತ್ತು.

"ಆ ಡಾಕ್ಟ್ರ ಹತ್ರ ಇನ್ನೊಮ್ಮೆ ಹೋಗುವ ಮಗಾ" ಎಂದರು ಅಪ್ಪ. (ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.) "ಉಳಿದದ್ದೂ ಹೋಯಿತು ಅಂತ ಕಾಣ್ತದೆ."

ಯಾಕೆ ಎಂದು ಕೈಯಲ್ಲೇ ಕೇಳಿದೆ.

"ಹಮೀದ್ ಬರುದು ಗೊತ್ತಾಗುದಿಲ್ಲ. ಬಸ್ಸಿದ್ದು, ಮೈಕಿದ್ದು ಎದೆಗೆ ಬಡೀತದೆ. ಅದು ಕಿವಿಯ ಲೆಕ್ಕ ಅಲ್ಲ. ಕಿವಿಗೆ ಅಂತ ಬರ್ತಾ ಇದ್ದದ್ದು ಅದೊಂದು. ಈಗ ಅದೂ ಇಲ್ಲ."

ಹಾರ್ನ್ ಬಂದ್ ಮಾಡಿದ್ದಾರೆ ಎಂದು ಕೂಗಿದೆ. ಎಂತದು ಎಂದರು. ಇನ್ನೂ ಜೋರಾಗಿ ಕೂಗಿದೆ. ಆಗಲೇ ಆಟೋ ಬಂತು. ಯಾವುದೋ ಬಟ್ಟೆ ಅಂಗಡಿಯ ಆಟಿ ತಿಂಗಳ ಡಿಸ್ಕೌಂಟ್. ಅದು ಹೋಗುವಷ್ಟರಲ್ಲಿ ಅಪ್ಪ ತಲೆಯಾಡಿಸಿದ್ದರು. ಕೇಳದಿದ್ದಾಗ ಆಡಿಸುವ ತಲೆ. ಆ ತಲೆಯಾಡಿಸುವಿಕೆಯನ್ನು ನಾನು ಬಲ್ಲೆ.

ಯಾವುದೋ ಮದುವೆ ಕಾಗದದ ಹಿಂದೆ ಬರೆದು ತೋರಿಸಿದೆ: ನಿಮ್ಮ ಕಿವಿಗೆ ಏನೂ ಆಗಿಲ್ಲ, ಹಮೀದಾಕ ಹಾರ್ನ್ ಹೊಡೆಯಬಾರದೆಂದು ಕಾನೂನು ಬಂದಿದೆ.

ಅಪ್ಪ ಕನ್ನಡಕ ಹಾಕಿ ಓದಿದರು. ನನ್ನನ್ನು ನೋಡಿ ಸಣ್ಣಗೆ ನಕ್ಕರು.

"ಇಷ್ಟೆಲ್ಲ ಹಾರ್ನಿನ ಮಧ್ಯೆ ಮೀನಿನವನ ಹಾರ್ನಿಗೆ ಮಾತ್ರ ಕಾನೂನಾ? ಸುಳ್ಳು ಬರೆಯುದಾದ್ರೆ ನಂಬುವ ಹಾಗೆ ಬರಿ ಮಗಾ. ನನಗೆ ಬೇಜಾರೇನಿಲ್ಲ."

ಅವರ ತರ್ಕದಲ್ಲಿ ತಪ್ಪಿರಲಿಲ್ಲ. ಯಾರಿಗೆ ಹೇಳಿದರೂ ಸುಳ್ಳೆಂದೇ ಕಾಣುವ ಕಾನೂನು ಅದು. ನಾನೇ ಕೇಳಿ ತರಿಸಿದ್ದು. ಊರು ಸ್ವಲ್ಪವೂ ಸುಮ್ಮನಾಗಲಿಲ್ಲ. ಅಪ್ಪನ ಪಾಲಿಗೆ ಮಾತ್ರ ಪೂರ್ತಿ ಸುಮ್ಮನಾಯಿತು.

ಮರುದಿನ ಆದಿತ್ಯವಾರ. ಬೆಳಿಗ್ಗೆ ನಾನು ಓಣಿಯ ತಿರುವಿಗೆ ಹೋಗಿ ಹಮೀದಾಕನಿಗಾಗಿ ಕಾದೆ. ಅವರು ಬಂದಾಗ ವಿಷಯ ಹೇಳಿದೆ. ಅವರು ರಸ್ತೆಯ ಎರಡೂ ಕಡೆ ನೋಡಿದರು.

"ನಾನು ಒತ್ತುದಿಲ್ಲ ಟೀಚರೇ. ಹಾರ್ನ್ ಹೋದ್ರೆ ಹೋಯ್ತು, ಪೆಟ್ಟಿಗೆ ಸಹಾ ಇಳಿಸ್ತಾರೆ ಅವರು. ನೀವು ಬೇಕಾದ್ರೆ ಒತ್ತಿ. ನಾನು ಆಚೆ ನೋಡ್ತೇನೆ."

ಕಾಲ್ಚೀಲ ಎಳೆದೆ. ಒದ್ದೆಯಾಗಿತ್ತು, ಮೀನಿನ ವಾಸನೆ. ಉಂಡೆ ನಾನೆಣಿಸಿದ್ದಕ್ಕಿಂತ ಗಟ್ಟಿ, ಎರಡೂ ಕೈ ಬೇಕಾಯಿತು. ಮೊದಲ ಸಲ ಒತ್ತಿದಾಗಲೇ ಸ್ಟ್ಯಾಂಡಿನಿಂದ ಹೊರಟ ಬೆಳ್ತಂಗಡಿ ಬಸ್ಸು ಹಾರ್ನ್ ಹೊಡೆಯಿತು, ನನ್ನದು ಅದರೊಳಗೆ ಹೋಯಿತು. ಕಾದೆ. ಮತ್ತೆ ಒತ್ತಿದೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದೆ. ಶಾರದಕ್ಕ ಕಿಟಕಿಯಿಂದ ಇಣುಕಿ, "ಅಯ್ಯೋ, ಟೀಚರಾ?" ಎಂದರು. ನಿಲ್ಲಿಸಲಿಲ್ಲ.

ಅಪ್ಪ ಬಂದರು. ಲುಂಗಿಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಪಾತ್ರೆ. ಇಷ್ಟು ಬೇಗ ನಡೆದದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಹಮೀದಾಕನನ್ನು ನೋಡಿದರು, ಹಾರ್ನಿನ ಮೇಲಿದ್ದ ನನ್ನ ಕೈಗಳನ್ನು ನೋಡಿದರು.

"ಎಷ್ಟು ಸಲ ಒತ್ತುದು? ನಾನೆಂತ ಕೆಪ್ಪನಾ?"

ಹಮೀದಾಕ ಪೆಟ್ಟಿಗೆ ತೆರೆದರು. ಇಬ್ಬರೂ ಜಗಳ ಶುರು ಮಾಡಿದರು, ನಿನ್ನೆಯ ಐಸು, ಇವತ್ತಿನ ಬೂತಾಯಿ ಮೀನು ಎಂದು. ಅದು ಮುಗಿಯುವವರೆಗೆ ನಿಂತಿದ್ದೆ.

ಆಮೇಲೆ ಕಾಲ್ಚೀಲವನ್ನು ಉರುಟಾಗಿ ಸುತ್ತಿ, ಹಾರ್ನಿನ ಬಾಯಿಗೆ ಮತ್ತೆ ತುರುಕಿ, ಬೆರಳಿನಿಂದ ಒತ್ತಿ ಕೂರಿಸಿದೆ.