ಭಟ್ಟಿಗೆ ಹೋದ ದೋಣಿ

ಮದುವೆಯಾದ ಮೊದಲ ವರ್ಷ ನಾನು ನನ್ನ ಹೆಂಡತಿಯನ್ನು ಸರಿಯಾಗಿ ನೋಡಿದ್ದು ಅವಳು ನಿದ್ದೆ ಮಾಡುವಾಗ. ಅವಳು ನನ್ನನ್ನು ನೋಡಿದ್ದೂ ಹಾಗೆಯೇ. ಜಗಳವೇನೂ ಇರಲಿಲ್ಲ, ಜಗಳವಾಡಬೇಕಾದರೂ ಇಬ್ಬರೂ ಒಟ್ಟಿಗೆ ಎಚ್ಚರ ಇರಬೇಕಲ್ಲ! ಅವಳು ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಹೊರಟರೆ, ಮಣ್ಣಗುಡ್ಡದ ಮನೆಮನೆ ತಿರುಗಿ ಮಾರಿ ಹಿಂದೆ ಬರುವಾಗ ಮಧ್ಯಾಹ್ನ ಎರಡು ದಾಟುತ್ತಿತ್ತು. ನಾನು ಜೆಪ್ಪಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಸಂಜೆ ಪಾಳಿಯವ. ಎರಡಕ್ಕೆ ಸರಿಯಾಗಿ ಗೇಟಿನ ಒಳಗಿರಬೇಕು, ಬಿಡುವುದು ಹತ್ತಕ್ಕೆ. ಆದಿತ್ಯವಾರ ಕಾರ್ಖಾನೆಗೆ ರಜೆ, ಆದರೆ ಮೀನು ಹೆಚ್ಚು ಹೋಗುವುದೇ ಆದಿತ್ಯವಾರ. ಕೆಲವು ದಿನ ದಾರಿಯಲ್ಲಿ ಎದುರಾಗುತ್ತಿದ್ದೆವು. ನಾನು "ಗಂಜಿ ಒಲೆಯ ಮೇಲೆ ಉಂಟು" ಎನ್ನುತ್ತಿದ್ದೆ, ಅವಳು "ಹ್ಞೂಂ" ಎನ್ನುತ್ತಿದ್ದಳು. ನಮ್ಮ ಸಂಸಾರದ ಮಾತುಕತೆ ಅಷ್ಟೇ.

ಇದು ಎರಡನೆಯ ಮಹಾಯುದ್ಧ ಶುರುವಾಗುವುದಕ್ಕಿಂತ ಮುಂಚಿನ ಮಾತು. ನಮ್ಮದು ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆ. ಅಂಥ ಮನೆಯಲ್ಲಿ ಹುಟ್ಟಿದ ನನಗೆ ದೋಣಿ ಹತ್ತಿದರೆ ವಾಂತಿ. ಸುಳ್ಳಲ್ಲ. ದಡ ಬಿಟ್ಟು ಮೂರು ಅಲೆ ದಾಟುವಷ್ಟರಲ್ಲಿ ನಾನು ಹೊಟ್ಟೆಯೊಳಗಿನದ್ದನ್ನೆಲ್ಲ ಮೀನುಗಳಿಗೆ ಬಡಿಸಿ ಆಗುತ್ತಿತ್ತು. ಅಪ್ಪ ಎರಡು ವರ್ಷ ನೋಡಿದರು. ಆಮೇಲೆ "ಇವನನ್ನು ಕರಕೊಂಡು ಹೋಗುವುದಕ್ಕಿಂತ ಬಲೆಗೆ ಕಲ್ಲು ಕಟ್ಟುವುದು ಲಾಭ" ಎಂದು ಹೇಳಿ ಹಂಚು ಸುಡುವ ಭಟ್ಟಿಯ ಕೆಲಸಕ್ಕೆ ಬಿಟ್ಟರು. ನಮ್ಮ ಕುಟುಂಬದಲ್ಲಿ ಕಡಲಿನ ಏರಿಳಿತ ಬಿಟ್ಟು ಕಾರ್ಖಾನೆಯ ಕೂಗಿಗೆ ಓಡಿದ ಮೊದಲಿಗ ನಾನೇ.

ಸಂಜೆ ಪಾಳಿಯನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ, ಆದರೆ ಅದರ ಸುಖವನ್ನು ಮುಚ್ಚಿಟ್ಟರೆ ನಾಲಗೆ ಬಿದ್ದು ಹೋದೀತು. ನಾಲ್ಕೂವರೆಯ ಮೇಲೆ ನೇತ್ರಾವತಿಯ ಕಡೆಯಿಂದ ಗಾಳಿ ಬರುತ್ತಿತ್ತು. ಐದಕ್ಕೆ ಹಗಲಿನವರು ಹೋದರೆ ಇಡೀ ಅಂಗಳ ನಮ್ಮದು. ನನ್ನ ಜೊತೆ ಬೆಂಕಿ ಹಾಕುತ್ತಿದ್ದವ ನನ್ನದೇ ಪ್ರಾಯದ ಒಬ್ಬ ಬ್ಯಾರಿ. ಅವನ ಮನೆಯವರೆಲ್ಲ ಬಂದರಿನಲ್ಲಿ ವ್ಯಾಪಾರ ಮಾಡುವಾಗ ಇವನಿಗೆ ಮಾತ್ರ ತಕ್ಕಡಿ ಕಂಡರೆ ನಿದ್ದೆ ಬರುತ್ತಿತ್ತಂತೆ. ಹಾಗಾಗಿ ನಮ್ಮ ಜೋಡಿ ಚೆನ್ನಾಗಿ ಕೂಡಿತು. ಬಂಗುಡೆಗೆ ಮೆಣಸು ಅರೆದು ಹಚ್ಚಿ ಬಾಳೆಲೆಯಲ್ಲಿ ಸುತ್ತಿ ನಾನು ತರುತ್ತಿದ್ದೆ, ಅವನು ಅಕ್ಕಿರೊಟ್ಟಿ ತರುತ್ತಿದ್ದ. ಭಟ್ಟಿಯ ಬಾಗಿಲಿನ ಬಿಸಿ ಇಟ್ಟಿಗೆಯ ಮೇಲೆ ಮೀನು ತಾನಾಗಿ ಬೇಯುತ್ತಿತ್ತು. ಅವನು ಸೌದೆಯ ರಾಶಿಯ ಹಿಂದೆ ಚಾಪೆ ಹಾಸಿ ಸಂಜೆಯ ನಮಾಜು ಮುಗಿಸುವವರೆಗೆ ಭಟ್ಟಿಯ ಎರಡೂ ಬಾಯಿಗೆ ನಾನೇ ಸೌದೆ ಹಾಕುತ್ತಿದ್ದೆ. ಅವನು ಬಂದ ಮೇಲೆ ಇಬ್ಬರೂ ಕುಳಿತು ಮುಳ್ಳು ಮಾತ್ರ ಉಳಿಯುವ ಹಾಗೆ ತಿನ್ನುತ್ತಿದ್ದೆವು.

ಆದರೂ ನನಗೆ ಹಗಲು ಪಾಳಿ ಬೇಕಿತ್ತು. ಹೆಂಡತಿ ಮನೆಯಲ್ಲಿ ಎಚ್ಚರವಾಗಿರುವ ಸಂಜೆಗಳು ಬೇಕಿದ್ದವು. ಭಟ್ಟಿಯ ಮೇಸ್ತ್ರಿ ಹಲ್ಲಿಲ್ಲದ ಮುದುಕ. ಬೆಂಕಿಯ ಬಣ್ಣ ನೋಡಿಯೇ ಬಿಸಿ ಎಷ್ಟು ಅಂತ ಹೇಳುವವರು. ಅವರ ಹಿಂದೆ ಆರು ತಿಂಗಳು ಸುತ್ತಿದೆ. ಕೊನೆಗೆ ಅವರು, "ಆಯ್ತು ಮಾರಾಯ, ಕೊನೆಯ ಉರಿ ಒಂದು ಸಲ ನೀನೇ ಕೊಡು. ಹಂಚು ಸರಿ ಬಂದರೆ ಹಗಲಿಗೆ ಹಾಕಿಸ್ತೇನೆ" ಎಂದರು. ಕೊನೆಯ ಉರಿ ಎಂದರೆ ಎರಡು ದಿನ ಕಾದ ಭಟ್ಟಿಗೆ ಸಂಜೆ ಹೊತ್ತು ಕೊಡುವ ಏರು ಬೆಂಕಿ. ತೂತಿನಲ್ಲಿ ಇಣುಕಿದರೆ ಒಳಗೆ ಕೇಪುಳ ಹೂವಿನ ಕೆಂಪು ಹೋಗಿ ಹಲಸಿನ ತೊಳೆಯ ಬಣ್ಣ ಬರಬೇಕು. ಅಲ್ಲಿಯವರೆಗೆ ಬೆಂಕಿ ಕುಗ್ಗಬಾರದು.

ನನ್ನ ಅದೃಷ್ಟ ನೋಡಿ. ಅದೇ ವಾರ ತುಲಾ ತಿಂಗಳ ಮಳೆ ಹೊಡೆದು ನದಿ ಕೆಂಪಾಗಿ, ಸೌದೆ ತರುವ ದೋಣಿಗಳು ನದಿಯ ಮೇಲಿನ ಊರುಗಳಲ್ಲೇ ನಿಂತವು. ಇದ್ದ ಸೌದೆ ಒದ್ದೆ. ಹೊಗೆ ಬಿಟ್ಟು ಬೇರೆ ಏನೂ ಕೊಡಲಿಲ್ಲ. ಮರುದಿನದ ಕೊನೆಯ ಉರಿಗೆ ಒಣ ಮರ ಎಲ್ಲಿಂದ ತರುವುದು? ಬೆಳಿಗ್ಗೆ ಮನೆಯ ಹಿಂದೆ ಹಲ್ಲುಜ್ಜುತ್ತಾ ನಿಂತಾಗ, ತೆಂಗಿನ ಗರಿ ಹೆಣೆದ ಮಡಲಿನ ಮಾಡಿನ ಅಡಿಯಲ್ಲಿ ಬೆಚ್ಚಗೆ ಮಲಗಿದ್ದ ಅಪ್ಪನ ಹಳೆಯ ದೋಣಿ ಕಣ್ಣಿಗೆ ಬಿತ್ತು.

ಎರಡು ವರ್ಷದ ಹಿಂದೆ ಬಂಡೆಗೆ ಬಡಿದು ಹೊಟ್ಟೆ ಒಡೆದುಕೊಂಡ ದೋಣಿ ಅದು. ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅಪ್ಪ ದಿನಾ ಸಂಜೆ ಅದರ ಅಂಚಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಆ ಬೆಳಿಗ್ಗೆಯೂ ಅಲ್ಲೇ ಬೀಡಿ ಹಚ್ಚಿ ಕುಳಿತಿದ್ದರು. ನಾನು ದೋಣಿಯನ್ನೂ ಅಪ್ಪನನ್ನೂ ನೋಡಿದ್ದು ಅವರಿಗೆ ಸಾಕಾಯಿತು.

"ಎಂತ, ಭಟ್ಟಿಗಾ?"

ನಾನು ತಲೆ ತಗ್ಗಿಸಿದೆ.

ಅಪ್ಪ ಬೀಡಿಯನ್ನು ಪೂರ್ತಿ ಸೇದಿ ಮುಗಿಸಿದರು. "ಕೊಂಡೋಗು. ಕೊಳೆಯುವುದಕ್ಕಿಂತ ಉರಿಯುವುದು ಒಳ್ಳೇದು. ನಿನ್ನ ಹೊಟ್ಟೆ ತೊಳೆಸಿದ ಪಾಪವಾದರೂ ಕಳೆಯಲಿ ಅದಕ್ಕೆ." ಅಷ್ಟು ಹೇಳಿ ಕಡಲಿನ ಕಡೆ ನಡೆದರು. ಹಲಗೆ ಬಿಚ್ಚುವ ಸದ್ದು ಕೇಳುವಷ್ಟು ಹೊತ್ತು ಅವರು ಮನೆಯ ಹತ್ತಿರ ಬರಲಿಲ್ಲ. ನಾನು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

ಬ್ಯಾರಿ ಗೆಳೆಯ ಗಾಡಿ ತಂದ. ಆ ಸಂಜೆ ದೋಣಿಯ ಹಲಗೆಗಳು ಭಟ್ಟಿಯೊಳಗೆ ಹೇಗೆ ಉರಿದವು ಎಂದರೆ, ನಾನು ಜೀವಮಾನದಲ್ಲಿ ಅಂಥ ಬೆಂಕಿ ನೋಡಿಲ್ಲ. ಹಳದಿಯ ನಡುವೆ ನೀಲಿ, ನೀಲಿಯ ಅಂಚಿಗೆ ಹಸಿರು. ನಾವಿಬ್ಬರೂ ಬಾಯಿ ಬಿಟ್ಟು ನಿಂತೆವು. "ನಿನ್ನ ಅಪ್ಪನ ದೋಣಿ ಸಾಯುವಾಗಲೂ ಕಡಲನ್ನು ಬಿಡುವುದಿಲ್ಲ ಮಾರಾಯ!" ಎಂದು ಅವನು ಕುಣಿದ. ನಾನೂ ಕುಣಿದೆ. ತೂತಿನಲ್ಲಿ ಹಲಸಿನ ತೊಳೆಯ ಬಣ್ಣ ಬಂತು. ನನ್ನ ಮನಸ್ಸಿನಲ್ಲಿ ನಾನಾಗಲೇ ಹಗಲು ಪಾಳಿ ಮುಗಿಸಿ ಹೆಂಡತಿಯ ಜೊತೆ ಚಾ ಕುಡಿಯುತ್ತಿದ್ದೆ.

ಆರನೆಯ ದಿನ ಭಟ್ಟಿ ತೆರೆದರು. ಹಿಂದಿನ ಸಾಲುಗಳೆಲ್ಲ ಚಂದದ ಕೆಂಪು. ಬೆಂಕಿಯ ಬಾಯಿಗೆ ಹತ್ತಿರವಿದ್ದ ಸಾಲುಗಳು ಮಾತ್ರ ಸರಿಯಾಗಿ ಕಾಯದ ಕಾವಲಿಯಲ್ಲಿ ಹೊಯ್ದ ದೋಸೆಯ ಹಾಗೆ, ಅಲ್ಲಲ್ಲಿ ಬಿಳಿಚು ಹಳದಿ, ಅಲ್ಲಲ್ಲಿ ಹೊಳಪು. ಮೇಸ್ತ್ರಿ ಒಂದು ಹಂಚು ಎತ್ತಿ ಬೆರಳ ಗೆಣ್ಣಿನಿಂದ ಕುಟ್ಟಿದರು. ಠಣ್ ಎಂದಿತು. ಹಂಚು ಗಟ್ಟಿ ಉಂಟು, ಮುಖ ಮಾತ್ರ ಹಾಳು.

"ಒಲೆಗೆ ಎಂತ ಹಾಕಿದ್ದು ನೀನು?"

"ದೋಣಿ."

"ದೋಣಿಯಾ? ಎಷ್ಟು ವರ್ಷದ್ದು?"

"ಮೂವತ್ತು."

ಮುದುಕ ಅಲ್ಲಿಯೇ ಕುಸಿದು ಕುಳಿತು ಕೆಮ್ಮು ಬರುವವರೆಗೆ ನಕ್ಕರು. "ಮೂವತ್ತು ವರ್ಷದ ಉಪ್ಪನ್ನು ಭಟ್ಟಿಗೆ ಸುರಿದೆಯಲ್ಲೋ! ಆ ಆವಿ ಬಡಿದರೆ ಹಂಚು ಇನ್ನೆಂತ ಆಗುವುದು? ಉಪ್ಪು ತಿಂದವ ನೀರು ಕುಡಿಯಲೇಬೇಕು, ಇನ್ನು ಕುಡಿ." ಉಪ್ಪು! ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಉಪ್ಪಿನಲ್ಲೇ ಹುಟ್ಟಿ, ಚರ್ಮ, ಬಟ್ಟೆ, ಚಾಪೆ ಎಲ್ಲ ಉಪ್ಪಾಗಿರುವ ನನಗೆ ಮರದಲ್ಲಿ ಉಪ್ಪು ಉಂಟು ಎಂದು ಹೇಗೆ ಹೊಳೆಯಬೇಕು?

ಮ್ಯಾನೇಜರು ಮಾತ್ರ ನಗಲಿಲ್ಲ. ಕೆಲಸ ಉಳಿಯಿತು, ಅದು ಮೇಸ್ತ್ರಿಯ ಪುಣ್ಯ. ಆದರೆ ಇನ್ನೊಂದು ವರ್ಷ ಸಂಜೆ ಪಾಳಿ ಎಂದು ಶಿಕ್ಷೆ ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ರಾತ್ರಿ ಮನೆಗೆ ಹೋಗಿ ಹೆಂಡತಿಯನ್ನು ಎಬ್ಬಿಸಿ ಹೇಳಿದೆ. ಅಳು ಬಂದಿತ್ತು, ಮುಚ್ಚಿಡುವುದೇಕೆ. ಅವಳು ಕಣ್ಣುಜ್ಜಿಕೊಂಡು ಒಂದೇ ಪ್ರಶ್ನೆ ಕೇಳಿದಳು:

"ಆ ಹಂಚನ್ನು ಎಂತ ಮಾಡ್ತಾರೆ?"

ಮುಖ ಹಾಳಾದ ಹಂಚನ್ನು ಕೆಲಸದವರು ಕೊಂಡುಹೋಗುವುದು ಅಲ್ಲಿನ ವಾಡಿಕೆ. ತಲೆಯ ಮೇಲೆ ಹೊತ್ತಷ್ಟು, ಗಾಡಿ ಕಟ್ಟಬಾರದು. ಮರುದಿನ ಸಂಜೆ ಐದೂವರೆಗೆ ಗೇಟಿನಲ್ಲಿ ಯಾರು ನಿಂತದ್ದು? ನನ್ನ ಹೆಂಡತಿ, ತೊಳೆದ ಮೀನಿನ ಬುಟ್ಟಿಯ ಜೊತೆ. ನಮ್ಮಲ್ಲಿ ಹೆಂಗಸು ಗಂಡನನ್ನು ನೋಡಲೆಂದು ಕಾರ್ಖಾನೆಗೆ ಹೋದರೆ ಇಡೀ ಕೇರಿ ವಾರವಿಡೀ ನಗುತ್ತಿತ್ತು. ಹಂಚು ಹೊರಲು ಹೋದರೆ ಯಾರೂ ಕೇಳುವವರಿಲ್ಲ. ದಿನಕ್ಕೆ ಹತ್ತು ಹಂಚು. ಅವಳು ರಾಶಿಯಿಂದ ಒಂದೊಂದನ್ನೇ ಎತ್ತಿ, ತಿರುಗಿಸಿ, ಕುಟ್ಟಿ, ಮೀನು ಆರಿಸುವ ಹಾಗೆ ಆರಿಸುತ್ತಿದ್ದಳು. ಅಷ್ಟು ಹೊತ್ತೂ ಬಾಯಿ ನಿಲ್ಲುತ್ತಿರಲಿಲ್ಲ. ಮಣ್ಣಗುಡ್ಡದ ಯಾವ ಅಮ್ಮ ಎಷ್ಟು ಚೌಕಾಶಿ ಮಾಡಿದರು, ಯಾರ ಬೆಕ್ಕು ಬುಟ್ಟಿಗೆ ಹಾರಿತು, ಎಲ್ಲ ನನಗೆ ಗೊತ್ತಾಯಿತು. ನನ್ನ ಹೆಂಡತಿ ಇಷ್ಟು ತಮಾಷೆಯವಳು ಎಂದು ಮದುವೆಯಾಗಿ ಒಂದು ವರ್ಷಕ್ಕೆ ತಿಳಿದವ ನಾನು. ಬ್ಯಾರಿ ಗೆಳೆಯ ಬಾಳೆಲೆಯಲ್ಲಿ ಅವಳ ಪಾಲಿನ ಬಂಗುಡೆ ಇಟ್ಟು, ಸೌದೆ ತರುವ ನೆಪ ಹೇಳಿ ಆಚೆ ಹೋಗುತ್ತಿದ್ದ.

ಮಳೆಗಾಲಕ್ಕೆ ಹದಿನೈದು ದಿನ ಇರುವಾಗ ನಮ್ಮ ಮನೆಗೆ ಮಡಲು ಹೋಗಿ ಹಂಚು ಬಂತು. ಮೊದಲ ಮಳೆ ಹೊಡೆದ ಬೆಳಿಗ್ಗೆ ಅಪ್ಪ ಅಂಗಾತ ಮಲಗಿ, ಹಳದಿ ಮಚ್ಚೆಯ ಹಂಚುಗಳನ್ನೇ ನೋಡುತ್ತಿದ್ದರು.

"ಕಡಲಿನಲ್ಲಿ ಇರುವಾಗ ದಿನಾ ಸೋರ್ತಿತ್ತು" ಎಂದರು ಅಪ್ಪ. "ಈಗ ನೋಡು, ಒಂದು ಹನಿ ಇಲ್ಲ." ಆಮೇಲೆ ಪಕ್ಕಕ್ಕೆ ತಿರುಗಿ ಮಲಗಿ, ಆ ಮಳೆಯಲ್ಲಿ ಚೆನ್ನಾಗಿ ನಿದ್ದೆ ಹೋದರು.

ಅದೇ ದಿನ ಸಂಜೆ ಮೇಸ್ತ್ರಿ ಭಟ್ಟಿಯ ಹತ್ತಿರ ಬಂದು, ಮ್ಯಾನೇಜರು ಕರಗಿದ್ದಾರೆ, ಸೋಮವಾರದಿಂದ ಹಗಲಿಗೆ ಬಾ ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೇಟಿನ ಕಡೆ ಕಣ್ಣು ಹೋಯಿತು. ಐದೂವರೆ. ಮಳೆಗೆ ಎಲೆಯ ಗೊರಬು ಸೂಡಿಕೊಂಡು, ಖಾಲಿ ಬುಟ್ಟಿ ಹಿಡಿದು ಅವಳು ನಿಂತಿದ್ದಳು. ಮನೆಗೆ ಇನ್ನು ಒಂದು ಹಂಚೂ ಬೇಕಿರಲಿಲ್ಲ.

"ಇನ್ನು ಎಂತ ಕೊಂಡೋಗ್ಲಿಕ್ಕೆ ಬಂದದ್ದು?" ಎಂದು ಕೇಳಿದೆ.

"ನಾನು ಹಂಚಿಗೆ ಬರ್ತಿದ್ದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು.

ಅಪ್ಪನೂ ಕೇರಿಯೂ ಕಣ್ಣಿಡುವ ಮನೆಯಲ್ಲಿ ಈ ಐದೂವರೆ ಎಲ್ಲಿ ಸಿಗಬೇಕು? ಹಗಲು ಪಾಳಿಗೆ ನಾನು ಬ್ಯಾರಿ ಗೆಳೆಯನ ಹೆಸರು ಹೇಳಿದೆ. ಅವನೂ ಬೇಡ ಎಂದ.