ಅರ್ಜಿಗೆ ಮೊದಲೇ ಬಾಯಿ ಬಿಟ್ಟ ಎಂಜಿನಿಯರ್

ಕೆಲವರ ಹೊಟ್ಟೆಯಲ್ಲಿ ಊಟ ನಿಲ್ಲುವುದಿಲ್ಲ, ಕೆಲವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಈ ಎಂಜಿನಿಯರನದು ಎರಡನೆಯ ರೋಗ. ಅದಕ್ಕೆ ಮದ್ದಿಲ್ಲ ಅನ್ನುವುದು ಅವನ ಹೆಂಡತಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿಕೊಂಡವಳಿಗೆ ದೂರುವ ಹಕ್ಕಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು, ಹೇಳಿಕೊಂಡು ದಿನವೂ ದೂರುತ್ತಿದ್ದಳು.

ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಕರೆ ಜೋಡಿಸಿಕೊಡುತ್ತಿದ್ದವಳು. ಊರಿನ ಜಗಳ, ಸರಸ, ಸಂಚು ಎಲ್ಲ ಕಿವಿಗೆ ಬೀಳಬೇಕು, ಬಾಯಿಂದ ಮಾತ್ರ ಒಂದಕ್ಷರ ಹೊರಬೀಳಬಾರದು. ಅದೇ ಕಸುಬು. ಒಂದು ದಿನ ಯಾವನೋ ಹುಡುಗ ದೂರದ ಕಾರ್ಖಾನೆಯ ಫೋರ್‌ಮನ್ನಿಗೆ ಪಂಪಿನ ವಾಷರ್ ಬಗ್ಗೆ ಪಾಠ ಹೇಳುತ್ತಿದ್ದ. ಆ ಕಡೆಯವನು ಬೇಸತ್ತು ಫೋನಿಟ್ಟಿದ್ದರೂ ಪಾಠ ನಿಂತಿರಲಿಲ್ಲ.

"ಸಾರ್, ಅವರು ಆಗ್ಲೇ ಇಟ್ಟುಬಿಟ್ರು," ಅಂದಳು ಆಕೆ.

"ಹೌದಾ? ನೀವಿದೀರಲ್ಲ? ಕೇಳಿ ಹಾಗಾದ್ರೆ. ವಾಷರ್ ಯಾಕೆ ಸವೆಯುತ್ತೆ ಅಂದ್ರೆ..."

ಆಕೆ ಕೇಳಿದಳು. ಅಲ್ಲೇ ಎಡವಿದ್ದು.

ಅವನ ಅಪ್ಪನದು ಸೈಕಲ್ ಅಂಗಡಿ. ಚಿಕ್ಕಂದಿನಲ್ಲಿ ಪಕ್ಕದ ಮನೆಯವರು ಇಲ್ಲದ ಹೊತ್ತಿನಲ್ಲಿ ಅವರ ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಿಟ್ಟಿದ್ದನಂತೆ. ಯಾರಿಗೂ ಸುಳಿವಿರಲಿಲ್ಲ. ಸಂಜೆ ತಾನೇ ಹೋಗಿ, "ಅತ್ತೆ, ನಿಮ್ಮ ಮಿಷನ್ನಿನ ಹೊಟ್ಟೇಲಿ ಎಣ್ಣೆ ಒಣಗಿದೆ," ಎಂದು ಹೇಳಿ ಒದೆ ತಿಂದು ಬಂದ. ಕಳ್ಳತನಕ್ಕೂ ನಾಲಾಯಕ್ಕು ಎಂದು ಅಪ್ಪ ಅವನನ್ನು ಎಂಜಿನಿಯರಿಂಗ್ ಓದಲು ಕಳಿಸಿದ.

ತಲೆ ಮಾತ್ರ ತಲೆಯೇ, ಅದನ್ನು ಒಪ್ಪಬೇಕು. ಪ್ರಯೋಗಾಲಯಗಳಲ್ಲಿ ರಕ್ತದ ನಳಿಕೆಗಳನ್ನು ಗರಗರ ತಿರುಗಿಸುವ ಯಂತ್ರವಿದೆಯಲ್ಲ, ಭಾರ ಒಂದು ಕಡೆ ಹೆಚ್ಚಾದರೆ ಅದು ಮೇಜಿನ ಮೇಲೆ ಕುಣಿಯಲು ಶುರುಮಾಡುತ್ತದೆ. ತನ್ನ ಭಾರವನ್ನು ತಾನೇ ಸರಿತೂಗಿಸಿಕೊಳ್ಳುವ ತಟ್ಟೆಯನ್ನು ಇವನು ಮಾಡಿದ. ಅದು ಮೊದಲ ಪೇಟೆಂಟು. ಆಮೇಲೆ ಬಾಯ್ಲರಿನ ಚಿಮಣಿಯಲ್ಲಿ ಸುಮ್ಮನೆ ಹಾರಿಹೋಗುವ ಬಿಸಿ ಹೊಗೆಯಿಂದ ನೀರು ಕಾಯಿಸುವ ಸುರುಳಿ ಕೊಳವೆ. ಸಿಮೆಂಟ್ ಚೀಲ ತುಂಬುವಾಗ ಧೂಳು ಕೆಲಸದವರ ಮೂಗಿಗೆ ಹೋಗದಂತೆ ತಡೆಯುವ ಮೂತಿ. ಹೀಗೆ ಹನ್ನೊಂದಾದವು. ಪ್ರತಿಯೊಂದರ ಪತ್ರದಲ್ಲೂ ಒಡೆಯನ ಜಾಗದಲ್ಲಿ ಅವನು ಸಲಹೆಗಾರನಾಗಿದ್ದ ಕಂಪನಿಯ ಹೆಸರು ದಪ್ಪಕ್ಷರದಲ್ಲಿ, ಇವನ ಹೆಸರು ಕೆಳಗೆ ಇರುವೆ ಸಾಲಿನ ಹಾಗೆ. ಅವನ್ನೆಲ್ಲ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿಕೊಂಡಿದ್ದ. ಬಂದವರೆಲ್ಲ ಕನ್ನಡಕ ಹಾಕಿಕೊಂಡು ಓದಬೇಕು. ಕನ್ನಡಕ ತರದವರಿಗೆ ತನ್ನದೇ ಕೊಡುತ್ತಿದ್ದ.

ಹನ್ನೆರಡಾಗಬೇಕಿತ್ತು. ಒಂದನ್ನು ಅವನ ನಾಲಗೆ ತಿಂದಿತು.

ಪೇಟೆಂಟ್ ಕಾನೂನಿಗೆ ಕರುಣೆ ಅನ್ನುವುದೇ ಇಲ್ಲ. ಅರ್ಜಿ ಹಾಕುವ ಮೊದಲೇ ಸಂಗತಿ ಜನರ ಬಾಯಿಗೆ ಬಿದ್ದರೆ ಅದು ಹೊಸದಲ್ಲ. ಬೀಳಿಸಿದವನು ನೀನೇ ಆಗಿದ್ದರೂ ಅಷ್ಟೆ. ಬಿಸಿಲಿನಿಂದ ನೀರು ಕಾಯಿಸುವ ತೊಟ್ಟಿಯ ಶಾಖ ಸಂಜೆ ಹಿಂದಕ್ಕೆ ಹರಿದು ಹೋಗದಂತೆ ಇವನೊಂದು ಕವಾಟ ಮಾಡಿದ್ದ. ಅರ್ಜಿ ಹೋಯಿತು, ಆಕ್ಷೇಪಣೆ ಬಂತು: ಇದು ಆಗಲೇ ಅಚ್ಚಾಗಿದೆ.

"ಯಾವನೋ ಕಳ್ಳ ನನ್ನ ತಲೆ ಕದ್ದಿದಾನೆ ಕಣೇ!" ಎಂದು ಮನೆಯೆಲ್ಲ ಹಾರಾಡಿದ. ಹೆಂಡತಿ ಆಕ್ಷೇಪಣೆಯ ಜೊತೆಗಿದ್ದ ಪ್ರತಿಯನ್ನು ತಿರುಗಿಸಿ ನೋಡಿದಳು. ಹಳೆಯ ವಿದ್ಯಾರ್ಥಿಗಳ ಕೂಟದ ಸಂಚಿಕೆ. ಅದರಲ್ಲಿ ಇವನದೇ ಭಾಷಣ, ಇವನದೇ ನಗುವ ಫೋಟೋ.

"ಕಳ್ಳ ಚೆನ್ನಾಗೇ ಬಂದಿದಾನೆ ಫೋಟೋದಲ್ಲಿ," ಅಂದಳು.

ಆ ನಂತರ ಕಂಪನಿಯ ವಕೀಲೆ ಮನೆಗೇ ಬಂದಳು. ಗಂಡನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ ಕೂತಳು. "ಅಮ್ಮಾ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ನಮ್ಮ ಆಫೀಸಲ್ಲಿ ಅದೇ ಕಾನೂನು. ಇನ್ಮುಂದೆ ಅರ್ಜಿ ಸೇರೋ ತನಕ ಇವರ ಬಾಯಿ ನಿಮ್ಮ ಜವಾಬ್ದಾರಿ."

"ನಂಗೆ ಸಂಬಳ ಕೊಡ್ತೀರಾ?"

ವಕೀಲೆ ನಕ್ಕು ಎದ್ದು ಹೋದಳು. ಸಂಬಳವಿಲ್ಲದೆಯೇ ಹೆಂಡತಿ ಆ ಕೆಲಸ ಮಾಡಿದಳು. ಗಂಡ ಹಳಿ ತಪ್ಪುವ ಹೊತ್ತಿಗೆ ಕೆಮ್ಮುತ್ತಿದ್ದಳು. ಕ್ಷೌರದಂಗಡಿಯ ಹೊರಗೆ ನಿಂತು ಕೆಮ್ಮಿದಳು, ಬಸ್ಸಿನಲ್ಲಿ ಕೆಮ್ಮಿದಳು. ಪಾಪ, ಎದೆ ರೋಗ ಇರಬೇಕು ಎಂದು ಪಕ್ಕದ ಬೀದಿಯವರು ಔಷಧಿ ಕೂಡ ಹೇಳಿದರು.

ಹೀಗಿರುವಾಗ ಆಕೆಯ ತಮ್ಮನ ಕೈ ಬೆಂದಿತು.

ತಮ್ಮ ನೂಲಿನ ಗಿರಣಿಯಲ್ಲಿ ಹಬೆ ಪೆಟ್ಟಿಗೆಯ ಕೆಲಸದವನು. ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಒಳಗೆ ನೂಲು ತುಂಬಿ, ಬಾಗಿಲು ಬಿಗಿದು, ಹಬೆ ಬಿಡುತ್ತಾರೆ. ಹಬೆ ಪೂರ್ತಿ ಹೋದ ಮೇಲೆ ಬಾಗಿಲು ತೆಗೆಯಬೇಕು. ಹೋಯಿತೋ ಇಲ್ಲವೋ ಎಂದು ತೋರಿಸುವುದು ಮೇಲಿನ ಮಾಪಕದ ಮುಳ್ಳು. ಆ ಮುಳ್ಳಿಗೆ ಹೋಗುವ ಕೊಳವೆಯಲ್ಲಿ ನೂಲಿನ ನಾರು ಕಟ್ಟಿಕೊಂಡರೆ, ಒಳಗೆ ಹಬೆಯಿದ್ದರೂ ಮುಳ್ಳು ಸೊನ್ನೆಯಲ್ಲಿ ಮಲಗಿರುತ್ತದೆ. ತಮ್ಮ ಮುಳ್ಳನ್ನು ನಂಬಿದ. ಬಾಗಿಲು ಎದೆಗೆ ಬಡಿಯುವುದು ತಪ್ಪಿತು, ಮೊಣಕೈವರೆಗಿನ ತೊಗಲು ಹೋಯಿತು.

ಎಂಜಿನಿಯರ್ ಆಸ್ಪತ್ರೆಯಿಂದ ಬಂದವನೇ ಚಪ್ಪಲಿಯನ್ನೂ ಬಿಡದೆ ಮೇಜಿಗೆ ಕೂತ. ಆ ದಿನಗಳಲ್ಲಿ ಅವನು ಮಾತಾಡಿದ್ದು ಕಡಿಮೆ. ಹೆಂಡತಿಗೆ ಮೊದಲ ಸಲ ನಿಜಕ್ಕೂ ಹೆದರಿಕೆಯಾಯಿತು. ಕೊನೆಗೆ ಹುಟ್ಟಿದ್ದು ಒಂದು ಚಿಲಕ, ಮುಳ್ಳನ್ನು ಕೇಳುವ ಗೋಜೇ ಇಲ್ಲದ್ದು. ಹಿಡಿಯನ್ನು ಅರ್ಧ ತಿರುಗಿಸಿದರೆ ಬಾಗಿಲು ತೆರೆಯುವುದಿಲ್ಲ, ಒಂದು ಸಣ್ಣ ತೂತು ತೆರೆಯುತ್ತದೆ. ಆ ತೂತೂ ಕಟ್ಟಿಕೊಳ್ಳಬಾರದೆಂದು ಪ್ರತಿ ಸಲವೂ ಒಂದು ಸೂಜಿ ಅದನ್ನು ಚುಚ್ಚಿ ಬರುತ್ತದೆ. ಒಳಗಿನ ಹಬೆಯೇ ಒಂದು ಕಬ್ಬಿಣದ ಕಡ್ಡಿಯನ್ನು ಎತ್ತಿ ಹಿಡಿದು ಬಾಗಿಲನ್ನು ಕಾಯುತ್ತದೆ. ಹಬೆ ಪೂರ್ತಿ ಹೋದರೆ ಕಡ್ಡಿ ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ, ಆಗಷ್ಟೇ ಬಾಗಿಲು.

ಕಂಪನಿಯ ಮ್ಯಾನೇಜರು ಚಿತ್ರ ನೋಡಿ ಕುಣಿದಾಡಿದ. "ಇದಕ್ಕೆ ನಿಮ್ಮ ಹೆಸರನ್ನೇ ಇಡ್ತೀವಿ ಸಾರ್. ದೊಡ್ಡ ಅಕ್ಷರದಲ್ಲಿ, ಕಬ್ಬಿಣದ ಮೇಲೇ ಎರಕ ಹೊಯ್ಸಿ." ಎಂಜಿನಿಯರ್ ಕರಗಿ ನೀರಾದ. ಹನ್ನೊಂದು ಸಲ ಇರುವೆ ಸಾಲಾದವನಿಗೆ ಅಷ್ಟು ಸಾಕಿತ್ತು.

ಆದರೆ ಅರ್ಜಿ ಹೋಗಲಿಲ್ಲ. ಮ್ಯಾನೇಜರು ಮತ್ತೆ ಮನೆಗೆ ಬಂದಾಗ ಹೆಂಡತಿಯೇ ಕೇಳಿದಳು, "ಏನ್ರೀ, ಚಿಲಕ ಎಲ್ಲಿಗೆ ಬಂತು?"

"ಅವಸರ ಬೇಡ ಮೇಡಂ. ಚಿಕ್ಕ ಚಿಕ್ಕ ಗಿರಣಿಯೋರು ಈಗ್ಲೇ ಕೊಳ್ಳೋದಿಲ್ಲ. ಬೇಡಿಕೆ ಇನ್ನೂ ಹಣ್ಣಾಗಿಲ್ಲ."

"ಹಣ್ಣಾಗೋದು ಅಂದ್ರೆ ಹೇಗೆ? ಇನ್ನೊಂದಷ್ಟು ಜನರ ತೊಗಲು ಸುಲೀಬೇಕಾ?"

ಮ್ಯಾನೇಜರು ಗೋಡೆಯ ಚೌಕಟ್ಟುಗಳನ್ನು ಓದತೊಡಗಿದ. ಅವನು ಹೋದ ಮೇಲೆ ಆಕೆ ಗಂಡನ ಮೇಲೆ ತಿರುಗಿಬಿದ್ದಳು.

"ನನ್ನ ತಮ್ಮ ಮುಂದಿನ ವಾರದಿಂದ ಅದೇ ಪೆಟ್ಟಿಗೆ ಮುಂದೆ ನಿಲ್ತಾನ್ರೀ. ಗಿರಣಿ ಕಮ್ಮಾರನೇ ಮಾಡಿಕೊಡಬಹುದಾದ ಚಿಲಕ ಅಂತ ನೀವೇ ಹೇಳಿದ್ರಿ."

"ಸ್ವಲ್ಪ ತಡಕೊಳ್ಳೇ. ಹೆಸರು ಇಡ್ತಾರಂತೆ."

"ಆ ಹೆಸರಿಗೆ ಉಪ್ಪು ಹಾಕ್ಕೊಂಡು ನೆಕ್ಕಿ."

ವಿಚಿತ್ರವೆಂದರೆ ಇದು. ಜೀವಮಾನವೆಲ್ಲ ಸೋರುವ ಕೊಡದಂತಿದ್ದ ಬಾಯಿ ಈ ಒಂದು ಚಿಲಕದ ವಿಷಯದಲ್ಲಿ ತಾನೇ ಚಿಲಕ ಹಾಕಿಕೊಂಡಿತ್ತು. ಕ್ಷೌರದವನ ಮುಂದೆಯೂ ಇಲ್ಲ, ಬಸ್ಸಿನಲ್ಲೂ ಇಲ್ಲ. ಆಕೆ ಕೆಮ್ಮುವ ಪ್ರಮೇಯವೇ ಬರಲಿಲ್ಲ. ಹಾಳಾದವನಿಗೆ ಬುದ್ಧಿ ಬರುವುದಕ್ಕೂ ಇದೇ ಹೊತ್ತು ಬೇಕಿತ್ತೇ ಎಂದು ಹಲ್ಲು ಕಚ್ಚಿದಳು.

ಆ ವಾರವೇ ಬಾಯ್ಲರ್ ಕೆಲಸದವರ ಸಂಘ ಅವನನ್ನು ಸುರಕ್ಷತೆಯ ಬಗ್ಗೆ ನಾಲ್ಕು ಮಾತಾಡಲು ಕರೆಯಿತು. ಕರೆಸಿದ್ದು ತಮ್ಮನೇ. ತಗಡಿನ ಮಾಡು, ಒಂದೇ ಫ್ಯಾನು, ಕಾಲು ಮುರಿದ ಕುರ್ಚಿಗಳನ್ನು ಗೋಡೆಗೆ ಆನಿಸಿಟ್ಟಿದ್ದರು. ಹೆಂಡತಿ ವಾಡಿಕೆಯಂತೆ ಮುಂದಿನ ಸಾಲಿನಲ್ಲಿ ಕೂತಳು. ಎಂಜಿನಿಯರ್ ಕನ್ನಡಕ, ಬೂಟು, ನೆಲದ ಎಣ್ಣೆ ಎಂದು ಚೊಕ್ಕವಾಗಿ ಮಾತಾಡಿದ. ಯಾವ ಮಾತೂ ಬೇಲಿ ದಾಟಲಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ನರೆತ ಮೀಸೆಯ ಕೆಲಸಗಾರ ಎದ್ದ. "ಸಾರ್, ಬೂಟೇನೋ ಹಾಕ್ಕೊತೀವಿ. ಮುಳ್ಳು ಸುಳ್ಳು ಹೇಳಿದ್ರೆ ಏನ್ ಮಾಡೋದು? ನಿಮ್ಮ ಬಾಮೈದನಿಗೆ ಆಯ್ತಲ್ಲ ಹಾಗೆ?"

ಎಂಜಿನಿಯರ್ ಒಂದು ಗುಟುಕು ನೀರು ಕುಡಿದ. "ಮುಳ್ಳನ್ನ ಆಗಾಗ ಪರೀಕ್ಷೆ ಮಾಡಿಸ್ಬೇಕು. ಜಾಗ್ರತೆಯಾಗಿರ್ಬೇಕು."

ಸಾಲಿನ ತುದಿಯಲ್ಲಿ ತಮ್ಮ ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಭಾವನನ್ನೇ ನೋಡುತ್ತಿದ್ದ. ಅಕ್ಕ ಅದನ್ನು ಕಂಡಳು. ಜೀವಮಾನ ಊರವರ ಗುಟ್ಟು ನುಂಗಿ ಅರಗಿಸಿಕೊಂಡವಳು ಎದ್ದು ನಿಂತಳು.

"ಅದಕ್ಕೊಂದು ಚಿಲಕ ಇದೆ," ಅಂದಳು. "ನಾನು ಹೇಳ್ತೀನಿ ಕೇಳಿ."

ಎಂಜಿನಿಯರ್ ಕೆಮ್ಮಿದ. ಇಷ್ಟು ವರ್ಷದಲ್ಲಿ ಅವನು ಕೆಮ್ಮಿದ್ದು ಅದೇ ಮೊದಲು. ಆಕೆ ತಿರುಗಿಯೂ ನೋಡಲಿಲ್ಲ.

"ಹಿಡಿ ಅರ್ಧ ತಿರುಗಿಸಿದ್ರೆ ಸಣ್ಣ ತೂತು ತೆರ್ಕೊಳ್ಳುತ್ತೆ. ಒಳಗೆ ಹಬೆ ಇದ್ರೆ ಸುಯ್ ಅಂತ ಬರುತ್ತೆ. ಆಮೇಲೆ ಒಂದು ಸ್ಪ್ರಿಂಗ್ ಇದೆ, ಅದು ಕಡ್ಡೀನ ಕೆಳಗೆ ಎಳೆಯುತ್ತೆ..."

"ಸ್ಪ್ರಿಂಗ್?" ಎಂಜಿನಿಯರ್ ಮುಖ ಕಿವುಚಿದ.

"ಹ್ಞೂಂ, ದಪ್ಪ ಸ್ಪ್ರಿಂಗು. ಆ ಸ್ಪ್ರಿಂಗಿನ ಜೋರಿಗೇ..."

"ಸ್ಪ್ರಿಂಗ್ ಎಲ್ಲಿದೇ ಅದರಲ್ಲಿ! ಸ್ಪ್ರಿಂಗ್ ಹಾಕಿದ್ರೆ ಬಿಸಿಗೆ ಸೋತು ಆರೇ ತಿಂಗಳಲ್ಲಿ ಸಾಯುತ್ತೆ, ಜೊತೆಗೆ ಮನುಷ್ಯನೂ ಸಾಯ್ತಾನೆ! ತನ್ನ ಭಾರಕ್ಕೆ ಬೀಳ್ಬೇಕು ಕಣೇ ಅದು, ಭಾರಕ್ಕೆ! ಕೊಡಿ ಇಲ್ಲಿ ಸೀಮೆಸುಣ್ಣ!"

ಹಲಗೆ ತುಂಬಿತು. ಹಲಗೆ ಸಾಲದೆ ಗೋಡೆಗೆ ಬಂತು. ಕಡ್ಡಿಯ ದಪ್ಪ, ಸೂಜಿಯ ಮೊನೆ, ತೂತಿನ ಅಗಲ, ಯಾವ ಕಬ್ಬಿಣ, ಎಲ್ಲಿ ಬೆಸುಗೆ, ಯಾವುದೂ ಉಳಿಯಲಿಲ್ಲ. ಕೆಲಸಗಾರರು ಫೋನೆತ್ತಿ ಫೋಟೋ ಹಿಡಿದರು. ಸಂಘದ ಕಾರ್ಯದರ್ಶಿ ಅದನ್ನು ಕರಪತ್ರ ಮಾಡಿ ಬೇರೆ ಗಿರಣಿಗಳಿಗೂ ಹಂಚುತ್ತೇನೆ ಎಂದ. ಆಗ ಎಂಜಿನಿಯರನ ಕೈಯ ಸೀಮೆಸುಣ್ಣ ನಿಂತಿತು. ಅವನು ಹಲಗೆ ನೋಡಿದ, ಗೋಡೆ ನೋಡಿದ, ಹೆಂಡತಿಯನ್ನು ನೋಡಿದ. ಆಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ದಾರಿಯಲ್ಲಿ ಕೇಳಿದ, "ನಿಂಗೆ ಸ್ಪ್ರಿಂಗ್ ಇಲ್ಲ ಅಂತ ಗೊತ್ತಿತ್ತು ತಾನೆ?"

"ನಂಗೇನ್ ಗೊತ್ರೀ ಯಂತ್ರದ ವಿಷ್ಯ?"

"ಎಷ್ಟು ಸಲ ಹೇಳಿದೀನಿ ನಿಂಗೆ, ಭಾರಕ್ಕೆ ಬೀಳುತ್ತೆ ಅಂತ!"

"ನೀವು ಹೇಳೋದನ್ನೆಲ್ಲ ಕೇಳ್ತಾ ಕೂತ್ರೆ ಮನೆ ನಡೆಯುತ್ತಾ?"

ಕಂಪನಿ ಉರಿದೆದ್ದಿತು. ವಕೀಲೆ ಫೋನು ಮಾಡಿ, ಇನ್ನು ಅರ್ಜಿ ಹಾಕಿ ಫಲವಿಲ್ಲ ಎಂದು ಸತ್ತ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು. ಮ್ಯಾನೇಜರು ಸಲಹೆಗಾರನ ಕೆಲಸದಿಂದ ಬಿಡಿಸಿದ. ಎಂಜಿನಿಯರ್ ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಇದೆಲ್ಲ ತನ್ನ ತತ್ವ, ಜನರ ಒಳಿತಿಗಾಗಿ ತಾನೇ ಬೇಕೆಂದು ಬಿಟ್ಟುಕೊಟ್ಟೆ ಎಂದು ಕ್ಷೌರದಂಗಡಿಯಲ್ಲಿ ಹೇಳಲು ಶುರುಮಾಡಿದ. ಹೆಂಡತಿ ತಿದ್ದಲಿಲ್ಲ. ತತ್ವಗಳು ಎಷ್ಟೋ ಸಲ ಹೀಗೆ ಹಿಂಬಾಗಿಲಿನಿಂದಲೇ ಒಳಗೆ ಬರುತ್ತವೆ. ಬಂದಮೇಲೆ ಕೂರಲು ಜಾಗ ಕೊಟ್ಟರಾಯಿತು.

ಗಿರಣಿಗಳು ಒಂದೊಂದಾಗಿ ಚಿಲಕ ಹಾಕಿಸಿದವು. ಕೆಲವು ಒಳ್ಳೆಯ ಮನಸ್ಸಿನಿಂದ, ಹೆಚ್ಚಿನವು ಸಂಘ ಬಾಗಿಲಲ್ಲಿ ಕೂತದ್ದರಿಂದ. ತಮ್ಮ ಎಲ್ಲರ ಮುಂದೆ "ನಮ್ಮ ಭಾವ ಮಾಡಿದ್ದು, ನಮ್ಮ ಭಾವ ಮಾಡಿದ್ದು" ಎಂದು ಹೇಳಿಕೊಂಡು ತಿರುಗಿದ. ಕರಪತ್ರದಲ್ಲಿ ಎಂಜಿನಿಯರನ ಹೆಸರು ಇತ್ತೇನೋ, ಯಾರೂ ಓದಲಿಲ್ಲ. ಚಿತ್ರ ನೋಡಿ ಚಿಲಕ ಮಾಡಿದರು, ಅದನ್ನು ಭಾವನ ಚಿಲಕ ಎಂದು ಕರೆದರು. ಯಾರ ಭಾವ ಎಂದು ಒಬ್ಬನೂ ಕೇಳಲಿಲ್ಲ.

ತಮ್ಮನ ಗಿರಣಿಯಲ್ಲಿ ಎರಡನೆಯ ಪೆಟ್ಟಿಗೆಗೆ ಚಿಲಕ ಕೂರಿಸುವ ದಿನ ಮೂವರೂ ನೋಡಲು ಹೋದರು. ಫಿಟ್ಟರ್ ಸ್ಪ್ಯಾನರ್ ಹಿಡಿದು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಎಂಜಿನಿಯರ್ ಬಗ್ಗಿ ನೋಡಿದ.

"ಆ ಬೋಲ್ಟು ಓರೆ ಕೂತಿದೆಯಲ್ಲಪ್ಪಾ."

"ದೂರ ನಿಲ್ಲಿ ಯಜಮಾನ್ರೇ. ಇದು ಭಾವನ ಚಿಲಕ. ಇದರ ಲೆಕ್ಕ ನಿಮಗೆ ಹತ್ತೋದಿಲ್ಲ."

ಎಂಜಿನಿಯರ್ ಕಡ್ಡಿಯಿಂದ ಶುರುಮಾಡಿ ಸೂಜಿಗೆ ಬಂದು, ನಾರಿನ ಇತಿಹಾಸ ಹೇಳಿ, ಸುಳ್ಳು ಹೇಳುವ ಮುಳ್ಳುಗಳನ್ನು ಬೈದು, ಮತ್ತೆ ಕಡ್ಡಿಗೆ ಬರುವಷ್ಟರಲ್ಲಿ ಹೆಂಡತಿ ನೂಲಿನ ಮೂಟೆಯ ಮೇಲೆ ಕೂತು ಕಾಲು ಚಾಚಿದ್ದಳು. ಫಿಟ್ಟರ್ ಬೆವರು ಒರೆಸಿಕೊಂಡು ಆಕೆಯ ಕಡೆ ತಿರುಗಿದ.

"ಅಮ್ಮಾ, ಇವರು ಯಾರು?"

ಆಕೆ ತಮ್ಮನ ಕಡೆ ಬೆರಳು ತೋರಿಸಿದಳು. "ಇವನ ಭಾವ ಕಣಪ್ಪ."

ಫಿಟ್ಟರ್ ಎಂಜಿನಿಯರನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಇನ್ನೊಂದು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟ. "ಹಾಗಾದ್ರೆ ಮಾತು ಸಾಕು. ಆ ಕಡೆ ಬಿಗಿ ಹಿಡ್ಕೊಳ್ಳಿ, ನಾನು ಈ ಕಡೆ ತಿರುಗಿಸ್ತೀನಿ."